ಎಂಟು ಮಹಡಿಯ ಅಭಿಪ್ರಾಯ

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಇಪ್ಪತ್ತಾರು ವರ್ಷ ಲಿಫ್ಟ್ ನಡೆಸಿದ ಮನುಷ್ಯ. ಎಂಟು ಮಹಡಿಯ ಕಚೇರಿಗೆ ಇದ್ದದ್ದು ಒಂದೇ ಲಿಫ್ಟ್. ಎಳೆದು ಮುಚ್ಚುವ ಜಾಲರಿ ಬಾಗಿಲು, ಹಿತ್ತಾಳೆಯ ಹಿಡಿಕೆ, ಮೂಲೆಯಲ್ಲೊಂದು ಸ್ಟೂಲು. ಆ ಸ್ಟೂಲಿನ ಮೇಲೆ ಕೂತು ಅವರು ಓದಿದಷ್ಟು ಪುಸ್ತಕವನ್ನು ನಮ್ಮ ಅಧಿಕಾರಿಗಳೆಲ್ಲ ಸೇರಿ ಏಳು ಜನ್ಮ ಎತ್ತಿದರೂ ಓದಲಾರರು. ನಾನು ಅದೇ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಗುಮಾಸ್ತ, ಇರುವುದೂ ಅಕ್ಕನ ಮನೆಯಲ್ಲೇ. ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದೇನೆ. ನಂಬದವರು ನಂಬಬೇಡಿ, ನನ್ನ ಗಂಟೇನೂ ಹೋಗುವುದಿಲ್ಲ.

ಭಾವನಿಗೆ ಲಿಫ್ಟಿನಲ್ಲಿ ಮಾತ್ರ ಓದಲು ಆಗುತ್ತಿತ್ತು. ಮನೆಯಲ್ಲಿ ಪುಸ್ತಕ ತೆರೆದರೆ ಐದೇ ನಿಮಿಷಕ್ಕೆ ತಲೆಸುತ್ತು. "ಈ ಮನೆ ಅಲ್ಲಾಡೋದೇ ಇಲ್ಲ ಕಣೋ, ಕಥೆ ಹೇಗೆ ಮುಂದಕ್ಕೆ ಹೋಗತ್ತೆ?" ಎನ್ನುತ್ತಿದ್ದರು. ಒಂದು ಭಾನುವಾರ ಅಕ್ಕ ಪಾಪ ಅಂದುಕೊಂಡು ಕುರ್ಚಿ ಸಮೇತ ಅವರನ್ನು ಅಲ್ಲಾಡಿಸಿಯೂ ನೋಡಿದಳು. ಎರಡು ಪುಟ ಓದಿದರು, ಅಷ್ಟರಲ್ಲಿ ಅಕ್ಕನ ಸೊಂಟ ಹಿಡಿದುಕೊಂಡಿತು. ಅಲ್ಲಿಗೆ ಮನೆಯ ಓದು ಮುಗಿಯಿತು.

ಅವರ ಅಭಿಪ್ರಾಯಗಳು ಮಾತ್ರ ಕೇಳುವ ಹಾಗಿದ್ದವು. ಪತ್ತೇದಾರಿ ಕಾದಂಬರಿಯಲ್ಲಿ ಕೊಲೆಗಾರ ಹನ್ನೆರಡನೇ ಮಹಡಿಯಿಂದ ತಪ್ಪಿಸಿಕೊಂಡು ಹೋದ ಎಂದಿದ್ದರೆ ಇವರದು ಒಂದೇ ಪ್ರಶ್ನೆ: "ಲಿಫ್ಟಿನವನನ್ನ ಯಾಕೆ ಯಾರೂ ಕೇಳಲಿಲ್ಲ? ಪತ್ತೇದಾರ ಮುನ್ನೂರು ಪುಟ ಊರೆಲ್ಲ ಸುತ್ತುತಾನೆ. ಕೆಳಗೆ ಕೂತಿರೋ ಬಡಪಾಯಿಗೆ ಒಂದು ಮಾತು ಕೇಳಿದ್ರೆ ಹತ್ತನೇ ಪುಟಕ್ಕೆ ಮುಗೀತಿತ್ತು." ಆಕಾಶದಲ್ಲಿ ಹಾರುವ ವೀರನ ಕಾಮಿಕ್ಸ್ ಓದಿದಾಗ ಮೂರು ದಿನ ಮುಖ ಗಂಟಿಕ್ಕಿಕೊಂಡಿದ್ದರು. "ಅವನು ಒಬ್ಬನೇ ಹಾರ್ತಾನಲ್ಲ, ಸ್ವಾರ್ಥಿ. ಜೊತೆಗೆ ನಾಲ್ಕು ಜನರನ್ನ ಕರ್ಕೊಂಡು ಹೋಗೋಕೇನು ಧಾಡಿ?" ಇನ್ನೊಂದು ಪ್ರೇಮಕಥೆಯಲ್ಲಿ ಹುಡುಗ ಹುಡುಗಿ ರೈಲು ನಿಲ್ದಾಣದಲ್ಲಿ ಅರವತ್ತು ಪುಟ ಎದುರುಬದುರು ನಿಂತೇ ಇರುತ್ತಾರಂತೆ. "ಪ್ರೀತಿ ಇರಲಿ, ಬೇಡ ಅಂದೋರ್ಯಾರು? ಯಾರಾದ್ರೂ ಅವರಿಗೊಂದು ಬೆಂಚು ತೋರಿಸಬಾರದಾ!" ಎಂದು ನಿಜವಾಗಿಯೂ ನೊಂದುಕೊಂಡಿದ್ದರು.

ಈ ಅಭಿಪ್ರಾಯ ಹೇಳುವುದಕ್ಕೊಂದು ಕ್ರಮವಿತ್ತು. ಕೆಳಗೆ ಬಾಗಿಲು ಮುಚ್ಚಿದ ಕೂಡಲೇ ಶುರು. ಮೂರನೇ ಮಹಡಿಯ ತನಕ ಪುಸ್ತಕದ ಒಳ್ಳೆಯ ಗುಣ. ಮೂರು ದಾಟಿದ ಮೇಲೆ ದೋಷ. ಎಂಟು ಬರುವಷ್ಟರಲ್ಲಿ ತೀರ್ಪು. ಲಿಫ್ಟ್ ಮಹಾ ನಿಧಾನದ್ದು, ಆದ್ದರಿಂದ ಏನನ್ನೂ ಅವಸರದಲ್ಲಿ ಹೇಳಬೇಕಾಗಿರಲಿಲ್ಲ. ಇಳಿಯುವಾಗ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. "ಇಳಿಯೋರಿಗೆ ಮನೆ ಸೇರೋ ಅವಸರ. ಅವರಿಗೆ ಸಾಹಿತ್ಯ ಬೇಡ," ಎಂದು ಆಗ ತಾವು ಓದಿಕೊಳ್ಳುತ್ತಿದ್ದರು.

ಇದರ ಪರಿಣಾಮ ನೋಡಿ. ಒಂದರಿಂದ ಮೂರನೇ ಮಹಡಿಯ ಜನ ಬರೀ ಹೊಗಳಿಕೆ ಕೇಳಿ ಇಳಿದುಬಿಡುತ್ತಿದ್ದರು; ಅವರ ಪಾಲಿಗೆ ಭಾವ ಓದಿದ ಪುಸ್ತಕವೆಲ್ಲ ಬಂಗಾರ. ಐದರಲ್ಲೋ ಆರರಲ್ಲೋ ಹತ್ತಿ ಮೇಲೆ ಹೋಗುವವರಿಗೆ ಬೈಗುಳವಷ್ಟೇ ಸಿಗುತ್ತಿತ್ತು. ಅವರಿಗೆ ಲೋಕದ ಪುಸ್ತಕವೆಲ್ಲ ಕಸ. ಒಂದು ಭೂತದ ಕಾಮಿಕ್ಸಿನ ವಿಷಯಕ್ಕೆ ಕ್ಯಾಂಟೀನಿನಲ್ಲಿ ಎರಡನೇ ಮಹಡಿಯ ಟೈಪಿಸ್ಟಮ್ಮನಿಗೂ ಐದರಿಂದ ಏಳನೇ ಮಹಡಿಗೆ ಹತ್ತಿ ಹೋಗುತ್ತಿದ್ದ ಲೆಕ್ಕಿಗನಿಗೂ ಜಗಳ ಹತ್ತಿಕೊಂಡಿತು. ಭೂತದ ಚಿತ್ರ ನೋಡಿದರೆ ಮೈ ಜುಮ್ಮೆನ್ನುತ್ತದೆ ಎಂದು ಆಕೆ, ಗೋಡೆ ತೂರಿ ಬರುವ ಭೂತ ಹೋಗುವಾಗ ಬಾಗಿಲು ಯಾಕೆ ಹಾಕಿಕೊಂಡು ಹೋಗುತ್ತದೆ ಎಂದು ಈತ. ಇಬ್ಬರೂ ಪುಸ್ತಕ ಮುಟ್ಟಿದವರಲ್ಲ. ಇಬ್ಬರೂ ಹೇಳಿದ್ದು ಭಾವನ ಮಾತನ್ನೇ. ನಾನು ನಾಲ್ಕನೇ ಮಹಡಿಯವನು, ಎರಡೂ ಕಡೆಯ ರುಚಿ ಕಂಡವನು. ಸುಮ್ಮನೆ ಚಹಾ ಕುಡಿದು ಎದ್ದು ಬಂದೆ.

ಹೀಗೆ ಚೆನ್ನಾಗಿಯೇ ನಡೆಯುತ್ತಿತ್ತು. ಆಮೇಲೆ ಬಂತು ನೋಡಿ ಹೊಸ ಲಿಫ್ಟಿನ ಸುದ್ದಿ. ಹಳೆಯದನ್ನು ರಿಪೇರಿ ಮಾಡಿಸುವುದೋ, ಕಿತ್ತು ಹಾಕಿ ಗುಂಡಿ ಒತ್ತುವ ಹೊಸದನ್ನು ತರಿಸುವುದೋ ಎನ್ನುವ ಫೈಲು ಎಂಟನೇ ಮಹಡಿಗೆ, ದೊಡ್ಡ ಸಾಹೇಬರ ಮೇಜಿಗೆ ಹೋಗಿತ್ತು. ಹೊಸದಕ್ಕೆ ನಡೆಸುವವನು ಬೇಕಿಲ್ಲ. ಸಾಹೇಬರು ಅದಕ್ಕೆ ಸಹಿ ಹಾಕಿದರೆ ಭಾವನ ಕೆಲಸ ಹೋಯಿತು. ಐವತ್ನಾಲ್ಕು ವಯಸ್ಸು, ಮಗಳಿನ್ನೂ ಓದುತ್ತಿದ್ದಾಳೆ, ಹಿಡಿಕೆ ತಿರುಗಿಸುವುದು ಬಿಟ್ಟರೆ ಬೇರೆ ಕಸುಬಿಲ್ಲ. ಅಕ್ಕ ಅನ್ನ ನೀರು ಬಿಟ್ಟು ಕೂತಳು. ಭಾವ ಮಾತ್ರ, "ಇನ್ನೂ ಮೂರು ಪುಸ್ತಕ ಬಾಕಿ ಇದೆ, ಅಷ್ಟರೊಳಗೆ ಕೀಳದಿದ್ರೆ ಸಾಕು," ಎಂದರು. ಅವತ್ತು ಅಕ್ಕ ತಟ್ಟೆ ಕುಕ್ಕಿದ ಸದ್ದು ಪಕ್ಕದ ಮನೆಗೂ ಕೇಳಿರಬೇಕು.

ಸರಿಯಾಗಿ ಅದೇ ವಾರ ದೊಡ್ಡ ಸಾಹೇಬರು ತಮ್ಮ ಜೀವನಚರಿತ್ರೆ ಅಚ್ಚು ಹಾಕಿಸಿದರು. ನಾನೂರು ಪುಟ. ಒಂದೊಂದು ವಿಭಾಗಕ್ಕೂ ಒಂದೊಂದು ಪ್ರತಿ ಬಂತು. ನಮ್ಮ ವಿಭಾಗದಲ್ಲಿ ಅದನ್ನು ಕುಂಟುತ್ತಿದ್ದ ಬೀರುವಿನ ಕಾಲಿಗೆ ಕೊಟ್ಟೆವು, ಬೀರು ನೆಟ್ಟಗೆ ನಿಂತಿತು. ಯಾರೂ ಓದಲಿಲ್ಲ, ಎಲ್ಲರೂ "ಅದ್ಭುತ ಸಾರ್" ಎಂದರು. ಸಾಹೇಬರು ದಡ್ಡರಲ್ಲ. ಒಂದು ಸೋಮವಾರ ಲಿಫ್ಟ್ ಹತ್ತಿ, ಒಂದು ಪ್ರತಿಯನ್ನು ಭಾವನ ತೊಡೆಯ ಮೇಲೆ ಇಟ್ಟು, "ಓದಿ. ಮುಂದಿನ ಸೋಮವಾರ ಬೆಳಿಗ್ಗೆ ಹೇಳಿ," ಎಂದರು.

ಇದು ಗೊತ್ತಾದಾಗ ಅಕ್ಕ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. ಸಾಹೇಬರು ಇಳಿಯುವುದು ಎಂಟನೇ ಮಹಡಿಯಲ್ಲಿ. ಅಂದರೆ ಹೊಗಳಿಕೆ, ದೋಷ, ತೀರ್ಪು ಎಲ್ಲ ಕಿವಿಗೆ ಬಿದ್ದೇ ಬೀಳುತ್ತದೆ.

"ರೀ, ಒಂದೇ ಒಂದು ಸಲ ಸುಳ್ಳು ಹೇಳಿ. ಚೆನ್ನಾಗಿದೆ ಅಂದ್ಬಿಡಿ," ಎಂದು ಅಂಗಲಾಚಿದಳು.

"ಓದದೇ ಇರೋರು ಎಷ್ಟೋ ಜನ ಹಾಗೆ ಹೇಳಿದಾರೆ," ಎಂದರು ಭಾವ. "ಓದಿದವನೂ ಅದನ್ನೇ ಹೇಳಿದ್ರೆ ಆ ಮನುಷ್ಯನಿಗೆ ಇನ್ಯಾರು ಗತಿ?"

ಅವರು ಹಾಸಿಗೆಗೆ ಹೋದ ಮೇಲೆ ಅಕ್ಕ ನನ್ನನ್ನು ಅಡುಗೆಮನೆಗೆ ಎಳೆದಳು. "ಇವರು ಮೂರನೇ ಮಹಡಿ ತನಕ ಹೊಗಳ್ತಾರೆ ತಾನೇ? ನೀನು ಅಲ್ಲಿ ನಿಂತಿರು. ಯಾವುದೋ ಒಂದು ಅರ್ಜೆಂಟ್ ಫೈಲ್ ಹಿಡ್ಕೊಂಡು ಗಂಟೆ ಒತ್ತು. ಬಾಗಿಲು ತೆಗೆದ ತಕ್ಷಣ ಸಾಹೇಬರನ್ನ ಹೊರಗೆ ಎಳ್ಕೋ. ಹೊಗಳಿಕೆ ಕೇಳಿದ ಖುಷೀಲಿ ಹೋಗಿ ರಿಪೇರಿಗೇ ಸಹಿ ಹಾಕ್ತಾರೆ. ಇವರಿಗೆ ಹೇಳ್ಬೇಡ, ಹೇಳಿದ್ರೆ ಕೆಟ್ಟಿತು."

ನನಗೆ ಅಕ್ಕನ ಬುದ್ಧಿಗೆ ಕೈಮುಗಿಯಬೇಕು ಎನಿಸಿತು. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಎನಿಸುತ್ತದೆ.

ಸೋಮವಾರ ಬೆಳಿಗ್ಗೆ ಜೀವ ಕೈಯಲ್ಲಿ ಹಿಡಿದುಕೊಂಡು ಮೂರನೇ ಮಹಡಿಯಲ್ಲಿ ನಿಂತೆ. ಕೈಯಲ್ಲಿದ್ದದ್ದು ಪೊರಕೆ ಮತ್ತು ಬಕೆಟ್ ಖರೀದಿಯ ಫೈಲು. ಅದಕ್ಕಿಂತ ಅರ್ಜೆಂಟಾದದ್ದು ನನಗೆ ಸಿಕ್ಕಿರಲಿಲ್ಲ. ಕೆಳಗೆ ಜಾಲರಿ ಮುಚ್ಚಿದ ಸದ್ದು ಕೇಳಿತು. ಗಂಟೆ ಒತ್ತಿದೆ. ಲಿಫ್ಟ್ ತೆವಳಿಕೊಂಡು ಬಂತು. ಬಾಗಿಲು ತೆರೆದರೆ ಒಳಗೆ ಸಾಹೇಬರ ಮುಖ ಕೆಂಪಗೆ ಕುದಿಯುತ್ತಿದೆ, ಭಾವ ನಿರಾಳವಾಗಿ ಹೇಳುತ್ತಿದ್ದಾರೆ:

"...ತೊಂಬತ್ತು ಪುಟ ಆದ್ರೂ ನೀವಿನ್ನೂ ಹುಟ್ಟೇ ಇಲ್ಲ ಸಾರ್, ಬರೀ ನಿಮ್ಮ ಮುತ್ತಾತಂದಿರೇ ಓಡಾಡ್ತಿದಾರೆ. ಆಮೇಲೆ ನಿಮ್ಮ ಮದುವೆ ಎರಡು ಸಾಲು, ಕಚೇರಿಗೆ ಹೊಸ ಕುರ್ಚಿ ಬಂದಿದ್ದು ಆರು ಪುಟ. ಅಮ್ಮಾವ್ರು ಓದಿದ್ರೆ ಏನಂದ್ಕೋತಾರೆ? ಇನ್ನು ಸಿಕ್ಕಸಿಕ್ಕವರೆಲ್ಲ ನಿಮ್ಮನ್ನ ಹೊಗಳ್ತಾರೆ. ಬಸ್ ಕಂಡಕ್ಟರ್ ಕೂಡ. ಅವನಿಗೆ ಚಿಲ್ಲರೆ ಕೊಡೋ ಕೆಲಸ ಇರಲಿಲ್ವಾ ಸಾರ್?"

ನನ್ನ ಕೈ ತನ್ನಷ್ಟಕ್ಕೇ ಫೈಲು ಚಾಚಿತು. "ಸಾರ್, ಅರ್ಜೆಂಟ್..." ಸಾಹೇಬರು ಹೊರಗೆ ಕಾಲಿಟ್ಟರು, ಪೊರಕೆಗೆ ಸಹಿ ಗೀಚಿದರು, ಲಿಫ್ಟಿನ ಕಡೆ ತಿರುಗಿಯೂ ನೋಡದೆ ದಡದಡನೆ ಮೆಟ್ಟಿಲು ಹತ್ತಿ ಹೋದರು.

"ಅಯ್ಯೋ, ಎಲ್ಲಿಗೆ ಹೋದ್ರು?" ಭಾವ ಸ್ಟೂಲಿನಿಂದ ಎದ್ದು ನಿಂತರು. "ಒಳ್ಳೇದು ಇನ್ನೂ ಹೇಳೇ ಇಲ್ವಲ್ಲೋ!"

"ಒಳ್ಳೇದು ಮೊದಲು ಹೇಳೋದಲ್ವಾ ನೀವು?" ನನಗೆ ಅಳು ಬರುವುದೊಂದು ಬಾಕಿ.

"ಯಾವಾಗಲೂ ಹಾಗೇ. ಆದ್ರೆ ಇದು ಬರೆದವರಿಗೇ ಹೇಳ್ತಿರೋದು. ಅವರು ಹೋಗಿ ಇಡೀ ದಿನ ಒಬ್ಬರೇ ಆ ಕೋಣೇಲಿ ಕೂತಿರಬೇಕು. ಕಿವೀಲಿ ಕೊನೆಗೆ ಒಳ್ಳೆ ಮಾತು ಉಳೀಲಿ ಅಂತ ತಿರುವುಮುರುವು ಮಾಡ್ಕೊಂಡೆ."

ಇಪ್ಪತ್ತಾರು ವರ್ಷದಲ್ಲಿ ಒಂದೇ ಒಂದು ಸಲ ಕ್ರಮ ಬದಲಾಯಿಸಿದ್ದರು, ಅದೇ ದಿನ ನಾನು ಅಡ್ಡ ಬಂದು ನಿಂತಿದ್ದೆ! ಅಲ್ಲೇ ಎಲ್ಲ ಒಪ್ಪಿಕೊಂಡೆ. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ. "ಅರ್ಧ ಅಭಿಪ್ರಾಯ ಹೊತ್ಕೊಂಡು ಮನುಷ್ಯ ಮೆಟ್ಟಿಲು ಹತ್ತುತಿದಾನಲ್ಲೋ," ಎಂದು ಮೇಲೆ ನೋಡುತ್ತಾ ನಿಂತರು.

ಅವತ್ತಿನಿಂದ ಸಾಹೇಬರು ಲಿಫ್ಟಿಗೆ ಬಹಿಷ್ಕಾರ ಹಾಕಿದರು. ದಿನವೂ ಎಂಟು ಮಹಡಿ ನಡಿಗೆ. ಭಾವ ಬೆಳಿಗ್ಗೆ ಜಾಲರಿ ತೆರೆದು ಹಿಡಿದುಕೊಂಡು, "ಸಾರ್, ಇನ್ನರ್ಧ ಇದೆ ಸಾರ್," ಎನ್ನುತ್ತಿದ್ದರು. ಸಾಹೇಬರು ಕೇಳದವರಂತೆ ಏದುಸಿರು ಬಿಡುತ್ತಾ ಮೆಟ್ಟಿಲಿಗೆ ತಿರುಗುತ್ತಿದ್ದರು. ಕೆಲಸದ ಹೊತ್ತಿನಲ್ಲಿ ಲಿಫ್ಟ್ ಬಿಟ್ಟು ಕದಲುವ ಹಾಗಿಲ್ಲ ಎಂಬ ನಿಯಮವಿದ್ದದ್ದರಿಂದ ಭಾವ ಹಿಂದೆ ಹೋಗುವಂತಿರಲಿಲ್ಲ. ಚೀಟಿ ಬರೆದು ಕಳಿಸಿ ಎಂದೆ. "ಚೀಟಿ ಮೊದಲು ಓದೋದು ಅವರ ಸಹಾಯಕ. ಅವನಿಗೆ ಹೇಳೋ ವಿಷಯ ಅಲ್ಲ." ನನಗಾದರೂ ಹೇಳಿ ಎಂದರೆ, "ನಿನಗಂತೂ ಅಲ್ಲವೇ ಅಲ್ಲ," ಎಂದರು. ಮನೆಯಲ್ಲಿ ಅಕ್ಕ ನನಗೆ ಊಟ ಬಡಿಸುವಾಗ ಮುಖ ನೋಡುವುದನ್ನು ಬಿಟ್ಟಿದ್ದಳು. ಉಪಾಯ ಅವಳದ್ದೇ, ಅಪರಾಧ ನನ್ನದು! ಆದರೂ ಆದೇಶದ ಕಾಗದ ಕೈಗೆ ಬಂದಿಲ್ಲವಲ್ಲ ಎಂಬ ಒಂದೇ ಆಸೆಯಲ್ಲಿ ಅವಳು ದಿನ ದೂಡುತ್ತಿದ್ದಳು.

ಹತ್ತನೇ ದಿನ ಸಾಹೇಬರ ಮೊಣಕಾಲು ಊದಿತು. ಗೋಡೆ ಹಿಡಿದುಕೊಂಡು ಬಂದು, ಬೇರೆ ದಾರಿಯಿಲ್ಲದೆ ಲಿಫ್ಟ್ ಹತ್ತಿದರು. ನಾನು ಹಿಂದೆಯೇ ನುಗ್ಗಿ, ಭಾವನ ಕಿವಿಯಲ್ಲಿ, "ಹೊಟ್ಟೆಪಾಡು ಭಾವ, ನಿಮ್ಮ ಕಾಲಿಗೆ ಬೀಳ್ತೀನಿ, ಹೊಗಳಿ," ಎಂದೆ. ಅವರು ನನ್ನನ್ನು ನೊಣದಂತೆ ಕೈಯಿಂದ ಓಡಿಸಿ ಜಾಲರಿ ಎಳೆದರು. ಒಂದು, ಎರಡು, ಮೂರು ಮಹಡಿ ಮಾತಿಲ್ಲ. ಅಲ್ಲಿಯ ತನಕದ್ದು ಆಗಲೇ ಹೇಳಿಯಾಗಿತ್ತಲ್ಲ. ಮೂರು ದಾಟಿತು.

"ಇನ್ನೂರ ಎಂಟನೇ ಪುಟ ಸಾರ್," ಎಂದರು ಭಾವ. "ನಿಮ್ಮಪ್ಪ ಸೈಕಲ್ ಕಲಿಸೋದು. ಅವರಿಗೆ ದಮ್ಮು. ಸೀಟು ಹಿಡ್ಕೊಂಡು ಹಿಂದೆ ಓಡಿ ಬರ್ತಿದಾರೆ, ಉಸಿರಿನ ಸದ್ದು ನಿಮಗೆ ಕೇಳ್ತಿದೆ. ನಿಮಗಿನ್ನೂ ಸೈಕಲ್ ಬಂದಿಲ್ಲ. ಆದ್ರೂ ಅವರು ಓಡೋದು ನಿಲ್ಲಿಸ್ಲಿ ಅಂತ 'ಬಂತಪ್ಪಾ, ಕೈ ಬಿಡು' ಅಂತ ಸುಳ್ಳು ಹೇಳ್ತೀರಿ. ತಿರುವಿನ ತನಕ ಹೇಗೋ ಹೋಗ್ತೀರಿ. ಅಪ್ಪನ ಕಣ್ಣಿಗೆ ಮರೆಯಾದ ಮೇಲೆ ಬೀಳ್ತೀರಿ."

ನನ್ನ ನಾಲ್ಕನೇ ಮಹಡಿ ಬಂದು ಹೋಯಿತು, ನಾನು ಇಳಿಯಲಿಲ್ಲ.

"ಆ ಪುಟ ಓದೋವಾಗ ಐದನೇ ಮಹಡಿಯವರು ಗಂಟೆ ಒತ್ತಿ ಒತ್ತಿ ಸಾಕಾಗಿ ಮೆಟ್ಟಿಲಲ್ಲಿ ಇಳಿದು ಹೋದರಂತೆ. ನನಗೆ ಕೇಳಿಸ್ಲೇ ಇಲ್ಲ. ಇಷ್ಟು ವರ್ಷದಲ್ಲಿ ಯಾವ ಪುಸ್ತಕವೂ ನನ್ನನ್ನ ಹಾಗೆ ಮಾಡಿಲ್ಲ. ಆ ಒಂದು ಪುಟ ಬರೆದವರು ಉಳಿದದ್ದನ್ನೂ ಬರೀಬಲ್ಲರು. ಕುರ್ಚಿ, ಕಂಡಕ್ಟರ್ ಎಲ್ಲ ತೆಗೆದುಹಾಕಿ ಸಾರ್. ಅಪ್ಪನನ್ನ ಬರೀರಿ."

ಏಳು ದಾಟಿತು. ಸಾಹೇಬರು ಕೆಮ್ಮಿ, ಕಚೇರಿಯ ದನಿಯನ್ನು ತಂದುಕೊಂಡರು. "ನನಗೆ ಅರ್ಥ ಆಗಲ್ಲ ಅಂದ್ಕೊಂಡ್ರಾ? ಈಗ ಹೊಗಳಿದ್ರೆ ಲಿಫ್ಟ್ ಉಳಿಯತ್ತೆ ಅಂತ ಲೆಕ್ಕಾಚಾರ. ಹೊಸ ಲಿಫ್ಟಿಗೆ ಶುಕ್ರವಾರಾನೇ ಸಹಿ ಹಾಕಿ ಕಳಿಸಿಬಿಟ್ಟಿದೀನಿ. ಇನ್ನೇನೂ ಮಾಡೋಕಾಗಲ್ಲ."

ಭಾವ ಹಿಡಿಕೆ ತಿರುಗಿಸಿ, ಎಂಟನೇ ಮಹಡಿಯ ನೆಲಕ್ಕೆ ಕೂದಲೆಳೆಯೂ ವ್ಯತ್ಯಾಸವಾಗದಂತೆ ಲಿಫ್ಟ್ ನಿಲ್ಲಿಸಿದರು.

"ಗೊತ್ತು ಸಾರ್. ಆ ಕಾಗದ ಇದರಲ್ಲೇ ಇಳೀತು. ಮೇಲಿನ ಹಾಳೇಲಿ ದೊಡ್ಡದಾಗಿ ಬರೆದಿತ್ತು, ಓದಿದೆ. ಕೆಳಗೆ ಮುಟ್ಟಿಸಿದ್ದೂ ನಾನೇ."

ಅಂದರೆ ಐದು ದಿನದಿಂದ ಗೊತ್ತಿತ್ತು! ಅಕ್ಕನಿಗೂ ಹೇಳದೆ, ಕೆಲಸ ಹೋಯಿತೆಂದು ಗೊತ್ತಿದ್ದೂ, ದಿನಾ ಬೆಳಿಗ್ಗೆ ಜಾಲರಿ ತೆರೆದು ಈ ಮನುಷ್ಯನನ್ನು ಕರೆಯುತ್ತಿದ್ದರು. ನನಗೆ ತಲೆ ಎತ್ತಲಾಗಲಿಲ್ಲ.

ಸಾಹೇಬರು ಇಳಿಯಲಿಲ್ಲ. ಜಾಲರಿ ಹಿಡಿದುಕೊಂಡು ಭಾವನನ್ನೇ ನೋಡಿದರು. ಅವರ ಕಣ್ಣು ತುಂಬಿ ಬಂದಿತ್ತು.

"ಹಾಗಾದ್ರೆ ಅದು ನಿಜವಾಗ್ಲೂ ಚೆನ್ನಾಗಿದೆಯಾ?"

"ತುಂಬಾ ಚೆನ್ನಾಗಿದೆ ಸಾರ್," ಎಂದರು ಭಾವ. "ಮೆಲ್ಲಗೆ ಇಳೀರಿ. ಕೆಳಗೆ ಜನ ಕಾಯ್ತಿದಾರೆ."