ಕಿಟಕಿ ಸೀಟಿನ ವಿಲನ್

ಕಳೆದ ಶನಿವಾರ ಮಧ್ಯಾಹ್ನ ಮಡಕಶಿರದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಮನುಷ್ಯನಿಗೆ ಏಟು ಬಿತ್ತು. ಹೊಡೆದವಳು ನಾನಲ್ಲ. ಹೊಡೆಸಿದವಳು ನಾನು.

(ಹೌದು, ಪ್ರತಿ ವಾರ ಈ ಅಂಕಣದಲ್ಲಿ ಕೂತು ನಿಮಗೆ ಬುದ್ಧಿ ಹೇಳುವ ಇದೇ ಟೀಚರಮ್ಮ.)

ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ. ರಾಯದುರ್ಗದಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ವಾಪಸ್ ಬರುವಾಗ ಕಲ್ಯಾಣದುರ್ಗದಲ್ಲಿ ಮಡಕಶಿರದ ಬಸ್ ಹಿಡಿದೆ. ನನ್ನ ಸೀಟಿನ ಆಚೆ ಬದಿಯಲ್ಲಿ, ಕಿಟಕಿ ಪಕ್ಕ, ಮೂವತ್ತು ದಾಟಿದ ಒಬ್ಬ ಗಂಡಸು ಕೂತಿದ್ದ. ವಾರದ ಗಡ್ಡ. ತೊಡೆಯ ಮೇಲೆ ನಾಲ್ಕು ವರ್ಷದ ಹೆಣ್ಣುಮಗು. ಅಳತೆ ಮೀರಿದ ಹೊಸ ಫ್ರಾಕು. ತಲೆ ನುಣ್ಣಗೆ ಬೋಳಿಸಿತ್ತು. ಬಸ್ಸು ಗುಂಡಿಗೆ ಬಿದ್ದು ಎಲ್ಲರೂ ಎಗರಿ ಕೂತರೂ ಆ ಮಗು ಕಣ್ಣು ಬಿಡಲಿಲ್ಲ.

ನನ್ನ ತಲೆಯೊಳಗೆ ಹಿನ್ನೆಲೆ ಸಂಗೀತ ಶುರುವಾಯಿತು.

ನನಗೆ ಥ್ರಿಲ್ಲರ್ ಹುಚ್ಚು. ಹಚ್ಚಿದವರು ಅಪ್ಪ. ಟೆಂಟ್ ಸಿನಿಮಾದ ಮರಳಿನಲ್ಲಿ ಕೂರಿಸಿಕೊಂಡು, ಕಡಲೆಕಾಯಿ ಬಿಡಿಸಿ ಕೊಡುತ್ತ, 'ಕೊಲೆ ಮಾಡಿದ್ದು ಯಾರು ಹೇಳು ನೋಡೋಣ' ಎಂದು ಕೇಳುತ್ತಿದ್ದರು. ಇಂಟರ್‌ವಲ್‌ಗೆ ಮೊದಲೇ ಹೇಳಿಬಿಡುತ್ತಿದ್ದೆ. ಸರಿಯಾಗಿದ್ದರೆ ಒಂದು ಸೋಡಾ. ಬೆಳೆದ ಮೇಲೆ ಅದರ ಚರಿತ್ರೆಯನ್ನೂ ಓದಿಕೊಂಡೆ. ಮೂಕಿ ಚಿತ್ರಗಳ ಕಾಲದಲ್ಲೇ ನಾಯಕನನ್ನು ಬೆಟ್ಟದ ಅಂಚಿನಲ್ಲಿ ನೇತುಬಿಟ್ಟು, ಉಳಿದದ್ದಕ್ಕೆ ಮುಂದಿನ ವಾರ ಬನ್ನಿ ಎನ್ನುತ್ತಿದ್ದರಂತೆ. ಆಮೇಲೆ ಯುರೋಪಿನವರು ಗೋಡೆಯ ಮೇಲಿನ ನೆರಳಿಗೇ ನಟನೆ ಕಲಿಸಿದರು. ಅಮೆರಿಕದವರು ಆ ನೆರಳಿಗೆ ಹ್ಯಾಟು, ಸಿಗರೇಟು, ಒದ್ದೆ ರಸ್ತೆ ಕೊಟ್ಟರು. ನಮ್ಮ ಕಪ್ಪು-ಬಿಳುಪು ಚಿತ್ರಗಳಲ್ಲಿ ಅದೇ ನೆರಳು ಟಾರ್ಚು ಹಿಡಿದು ಬಂಗಲೆಯ ಮೆಟ್ಟಿಲಿಳಿಯಿತು. ಬಣ್ಣ ಬಂದಾಗ ವಿಲನ್‌ಗೆ ತಿರುಗುವ ಕುರ್ಚಿ ಸಿಕ್ಕಿತು. ಆಮೇಲೆ ಬೂಟು ಮಾತ್ರ ಕಾಣುವ ಸೈಕೋ ಬಂದ. ಈಗ? ಫೋನಿನಲ್ಲೇ ಎಂಟು ಎಪಿಸೋಡು, ಮನೆಮಂದಿಯೆಲ್ಲ ಅನುಮಾನಿತರು.

ಆದರೆ ರೂಲ್ಸು ಹೆಚ್ಚು ಬದಲಾಗಿಲ್ಲ. ತಲೆಗೂದಲು ತೆಗೆದರೆ ಗುರುತು ಮರೆಸುತ್ತಿದ್ದಾರೆ. ಪದೇ ಪದೇ ಹೊರಗೆ ನೋಡುತ್ತಿದ್ದರೆ ಯಾರಿಗೋ ಹೆದರಿದ್ದಾರೆ. ಫೋನಿನಲ್ಲಿ ಪಿಸುಗುಟ್ಟಿದರೆ ಸಂಚು. ಎಲ್ಲಕ್ಕಿಂತ ದೊಡ್ಡ ರೂಲು, ಪಾತ್ರಗಳಿಗೆ ಗೊತ್ತಿಲ್ಲದ್ದು ಪ್ರೇಕ್ಷಕನಿಗೆ ಗೊತ್ತಿರಬೇಕು. ಎದೆ ಹೊಡೆದುಕೊಳ್ಳುವುದು ಆಗಲೇ. ಆ ಬಸ್ಸಿನಲ್ಲಿ ಪ್ರೇಕ್ಷಕಿ ನಾನೊಬ್ಬಳೇ.

ಅವನು ಪದೇ ಪದೇ ಹೊರಗೆ ನೋಡುತ್ತಿದ್ದ. ಫೋನೂ ಬಂತು. ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡಿದ.

"ಹುಡುಗಿ ಮಕ್ಕಂಡೈತ್ರಿ. ಗುಳಿಗಿ ಹಾಕೇನಿ, ಏಳಂಗಿಲ್ಲ. ಆಕಿಗೆ ಮಾತ್ರ ಗೊತ್ತಾಗಬಾರ್ದು ನೋಡ್ರಿ."

ಅಂದು ಬೆಳಿಗ್ಗೆಯೇ ನಮ್ಮ ಸ್ಕೂಲಿನ ವಾಟ್ಸಾಪ್ ಗ್ರೂಪಿನಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಮೆಸೇಜು ಓಡಾಡಿತ್ತು. ಅದನ್ನು ಕಳಿಸಿದವರು ಯಾರು, ಯಾವ ಊರಿನ ಮಾತು, ಒಂದೂ ಗೊತ್ತಿಲ್ಲ. ನಾನೂ ನಾಲ್ಕು ಜನಕ್ಕೆ ಫಾರ್ವರ್ಡ್ ಮಾಡಿದ್ದೆ.

ಸುಮ್ಮನಿರುವುದೇ? ನಾಳೆ ಪೇಪರಿನಲ್ಲಿ ಆ ಮಗುವಿನ ಫೋಟೋ ಬಂದರೆ ನನಗೆ ಅನ್ನ ತಿನ್ನಲಾದೀತೇ? ಎದ್ದು ಹೋಗಿ ಪರಿಚಯದ ಕಂಡಕ್ಟರ್ ಕಿವಿಯಲ್ಲಿ ಹೇಳಿದೆ. ಪೊಲೀಸರಿಗೆ ತಿಳಿಸಿ, ಅವರೇ ವಿಚಾರಿಸಲಿ ಎಂದೇ ಹೇಳಿದ್ದು. ಕಂಡಕ್ಟರ್ ಒಮ್ಮೆ ಹಿಂದೆ ತಿರುಗಿ ನೋಡಿ, ಫೋನ್ ತೆಗೆದ. ಪೊಲೀಸರಿಗೆ ಮಾಡಿದನೋ, ಬಸ್ ಸ್ಟ್ಯಾಂಡಿನ ಗೆಳೆಯರಿಗೆ ಮಾಡಿದನೋ ಇವತ್ತಿಗೂ ಗೊತ್ತಿಲ್ಲ. ಮಡಕಶಿರದಲ್ಲಿ ಬಸ್ ನಿಂತಾಗ ಬಾಗಿಲ ಬಳಿ ಖಾಕಿ ಇರಲಿಲ್ಲ. ಹತ್ತು-ಹನ್ನೆರಡು ಜನ ಇದ್ದರು.

ಮಗುವನ್ನೆತ್ತಿಕೊಂಡ ಆ ಗಂಡಸು ಕೆಳಗೆ ಕಾಲಿಡುವ ಮೊದಲೇ ಕಾಲರ್ ಹಿಡಿದರು. ಯಾರು, ಎಲ್ಲಿಯವನು, ಮಗು ಯಾರದು ಎಂದು ಒಟ್ಟಿಗೇ ಕೇಳಿದರು. ಅವನು ರಾಯದುರ್ಗದ ಕಡೆಯವನೆಂದೂ ಮಗು ತನ್ನದೆಂದೂ ಹೇಳಿದ. ಅವನ ಮಾತಿನ ಕೊನೆಕೊನೆಗೆ ಬರುವ ಆ 'ರೀ' ಕೇಳಿದ್ದೇ ತಡ, ಈ ಸೀಮೆಯವನಲ್ಲ ಎಂದು ಒಬ್ಬ ತೀರ್ಪು ಕೊಟ್ಟ. ಅವನು ಮಗಳ ಆಧಾರ್ ಕಾರ್ಡು ತೆಗೆದು ತೋರಿಸಿದ. ಫೋಟೋದಲ್ಲಿ ಎರಡು ಜಡೆ. ಎದುರಿಗೆ ಬೋಳುತಲೆ. ಕಾರ್ಡೂ ಕದ್ದದ್ದೇ ಎಂದರು. ಎಚ್ಚರಾದ ಮಗುವನ್ನು ಒಬ್ಬ, ಇವನು ಯಾರೆಂದು ಗದರಿಸಿ ಕೇಳಿದ. ಮಗು ತುಟಿ ಬಿಚ್ಚಲಿಲ್ಲ.

"ಟೀಚರಮ್ಮನೇ ಹೇಳವ್ರೆ ಅಂದ್ಮೇಲೆ ಇನ್ನೇನು?" ಎಂದಿತು ಹಿಂದಿನ ದನಿ.

ಏಟು ಬಿತ್ತು. ತುಟಿ ಒಡೆಯಿತು. ನಾನು ಬಸ್ಸಿನ ಮೆಟ್ಟಿಲ ಮೇಲೆ ನಿಂತಿದ್ದೆ. ಬೇಡ ಎಂದೆ. ಕ್ಲಾಸಿನಲ್ಲಿ ಅರವತ್ತು ಮಕ್ಕಳನ್ನು ಸುಮ್ಮನಾಗಿಸುವ ಗಂಟಲು ನನ್ನದು, ಆವತ್ತು ನನಗೇ ಕೇಳಿಸಲಿಲ್ಲ. ಇಬ್ಬರು ವಿಡಿಯೋ ಮಾಡುತ್ತಿದ್ದರು. ಒಬ್ಬ ಮಗುವನ್ನು ಕಿತ್ತುಕೊಳ್ಳಲು ಹೋದ. ಎರಡನೇ ಕೈ ಮೇಲೆದ್ದಿತ್ತು.

ಆಗ ನಡುವೆ ನುಗ್ಗಿದ್ದು ಹನುಮಕ್ಕ. ಬಸ್ ಸ್ಟ್ಯಾಂಡಿನಲ್ಲಿ ಬೇಯಿಸಿದ ಕಡಲೆಕಾಯಿ ಮಾರುವ, ಅರವತ್ತು ದಾಟಿದ ಹೆಂಗಸು. ಎತ್ತಿದ ಕೈಗೂ ಅವನಿಗೂ ನಡುವೆ ಹೋಗಿ ನಿಂತುಬಿಟ್ಟಳು. ಕೂಗಾಡಲಿಲ್ಲ.

"ಎಲ್ರೂ ಅವನ ಮಕ ನೋಡ್ತೀರಲ್ರಪ್ಪ, ಆ ಮಗು ಕೈ ಎಲ್ಲಿಕ್ಕೈತೆ ನೋಡ್ರಿ. ಕದ್ದೋನ ಕತ್ತನ್ನ ಯಾವ ಮಗುನಾದ್ರೂ ಹಿಂಗೆ ತಬ್ಕಂತೈತಾ?"

ನೋಡಿದೆವು. ಎರಡೂ ಪುಟ್ಟ ಕೈಗಳು ಅವನ ಕುತ್ತಿಗೆಯನ್ನು ಬಿಗಿದಿದ್ದವು. ಕಿತ್ತುಕೊಳ್ಳಲು ಹೋದವನ ಕಡೆಗಲ್ಲ, ಅವನ ಗಡ್ಡದೊಳಗೇ ಮುಖ ಹುದುಗಿಸಿತ್ತು ಮಗು. ಎಷ್ಟು ಹೊತ್ತಿನಿಂದ ಹಾಗಿತ್ತು? ಎತ್ತಿದ ಕೈ ಕೆಳಗಿಳಿಯಿತು.

ಅಷ್ಟರಲ್ಲಿ ಏಟು ತಿಂದವನ ಭಾವಮೈದ, ಅವರನ್ನು ಕರೆದೊಯ್ಯಲು, ಬೈಕಿನಲ್ಲಿ ಬಂದ. ಅಮರಾಪುರದವನು, ಗುಂಪಿನಲ್ಲೇ ಇಬ್ಬರಿಗೆ ಪರಿಚಯ. ಅವನು ಹೇಳಿದ್ದರಿಂದ ಉಳಿದದ್ದು ತಿಳಿಯಿತು. ಅವನ ಅಕ್ಕ, ಎಂದರೆ ಈತನ ಹೆಂಡತಿ, ಹೆರಿಗೆಗೆ ತವರಿಗೆ ಬಂದವಳು ಇಲ್ಲಿನ ಆಸ್ಪತ್ರೆಯಲ್ಲಿದ್ದಾಳೆ. ಹೆರಿಗೆ ಕಷ್ಟವಾಗಿ, ಎರಡು ದಿನ ಎಲ್ಲರ ಜೀವ ಬಾಯಿಗೆ ಬಂದಿತ್ತು. ತಾಯಿ-ಮಗು ಉಳಿದರೆ ದೊಡ್ಡವಳ ಮುಡಿ ಕೊಡಿಸುತ್ತೇನೆಂದು ಈತ ನೇಮಕಲ್ಲಿನ ಆಂಜನೇಯನಿಗೆ ಹರಕೆ ಹೊತ್ತಿದ್ದ. ಹಿಂದಿನ ದಿನ ತೀರಿಸಿದ್ದ. ಗುಳಿಗೆ ಬಸ್ಸಿನಲ್ಲಿ ವಾಂತಿ ಆಗದಿರಲೆಂದು ಕೊಟ್ಟದ್ದು. 'ಆಕಿಗೆ ಗೊತ್ತಾಗಬಾರ್ದು' ಎಂದದ್ದು ಹೆಂಡತಿಯ ವಿಷಯ. ಮಗಳನ್ನು ನೋಡಬೇಕೆಂದು ದಿನವೂ ಅಳುತ್ತಿದ್ದವಳ ಮುಂದೆ ಹೇಳದೆ ಕೇಳದೆ ಹೋಗಿ ನಿಲ್ಲುವ ಆಸೆ ಅವನಿಗೆ.

ಗುಂಪು ಹೇಗೆ ಸೇರಿತ್ತೋ ಹಾಗೇ ಕರಗಿತು. ಕ್ಷಮಿಸು ಎಂದವರು ಒಬ್ಬರೂ ಇಲ್ಲ. ಹೊಡೆದವನು ಚಹಾದ ಅಂಗಡಿಗೆ ನಡೆದ. ಹನುಮಕ್ಕ ಮಗುವಿನ ಅಪ್ಪನನ್ನು ಕಲ್ಲುಬೆಂಚಿನ ಮೇಲೆ ಕೂರಿಸಿ ತುಟಿಗೆ ನೀರು ಹಾಕಿದಳು.

ಥ್ರಿಲ್ಲರ್‌ಗಳಲ್ಲಿ ತುಂಬ ಹಳೆಯದೊಂದು ಕಥೆಯಿದೆ, ನಿಮಗೂ ಗೊತ್ತು. ತಪ್ಪು ಮಾಡದವನೊಬ್ಬ ಓಡುತ್ತಿರುತ್ತಾನೆ. ಊರೆಲ್ಲ ಅವನ ಬೆನ್ನು ಹತ್ತಿರುತ್ತದೆ. ಎಷ್ಟು ಭಾಷೆಯಲ್ಲಿ, ಎಷ್ಟು ಸಲ ಬಂದರೂ ನಾವು ನೋಡುತ್ತೇವೆ. ಟೆಂಟಿನಲ್ಲಿರಲಿ, ಫೋನಿನಲ್ಲಿರಲಿ, ನಾನು ಯಾವಾಗಲೂ ಓಡುವವನ ಕಡೆಗೇ ಇದ್ದವಳು. ಬೆನ್ನು ಹತ್ತಿದವರ ಪೆದ್ದುತನ ಕಂಡು ನಕ್ಕವಳು. ಅವರಿಗೂ ತಾವು ಮಗುವನ್ನು ಉಳಿಸುತ್ತಿದ್ದೇವೆ ಅಂತಲೇ ಅನಿಸಿರುತ್ತದೆ ಎಂಬುದು ಆ ಮೆಟ್ಟಿಲ ಮೇಲೆ ನಿಂತಾಗಲೇ ನನಗೆ ಹೊಳೆದದ್ದು. ಸಿನಿಮಾದಲ್ಲಿ ಅವನು ನಿರಪರಾಧಿ ಎಂದು ತಿಳಿದ ಕೂಡಲೇ ಲೈಟು ಹಾಕುತ್ತಾರೆ, ನಾವು ಎದ್ದು ಹೋಗುತ್ತೇವೆ. ಆಮೇಲೆ ಅವನು ಯಾವ ಮುಖ ಹೊತ್ತು ಹೆಂಡತಿಯ ಹತ್ತಿರ ಹೋದ ಎಂದು ಯಾವ ಡೈರೆಕ್ಟರೂ ತೋರಿಸಿದ ನೆನಪಿಲ್ಲ.

ನಾನು ಹೋಗಿ ಬೆಂಚಿನ ಪಕ್ಕ ನಿಂತೆ. ಹೇಳಿದವಳು ನಾನೇ ಎಂದೆ. ತಪ್ಪಾಯಿತು ಎಂದೆ. ಆಸ್ಪತ್ರೆಯವರೆಗೆ ಜೊತೆಗೆ ಬರುತ್ತೇನೆಂದೆ. ಅವನು ಬೇಡವೆಂದು ತಲೆಯಾಡಿಸಿದ. ಫ್ರಾಕಿನ ಭುಜಕ್ಕೆ ಬಿದ್ದಿದ್ದ ರಕ್ತದ ಕಲೆಯನ್ನು ಒದ್ದೆ ಟವೆಲಿನಿಂದ ಉಜ್ಜುತ್ತಲೇ ಇದ್ದ. ಹೆಂಡತಿ ನೋಡುವ ಮೊದಲು ಅದು ಹೋಗಬೇಕಿತ್ತು. ಹೋಗುತ್ತಿರಲಿಲ್ಲ.

ಬೈಕು ಹತ್ತುವಾಗ ನನ್ನ ಕಡೆ ತಿರುಗಿದ. ಸಿಟ್ಟಿನಿಂದ ಕೇಳಿದ್ದರೆ ನನಗೂ ಸಮಾಧಾನವಾಗುತ್ತಿತ್ತೇನೋ. ನಿಜಕ್ಕೂ ತಿಳಿಯಬೇಕಿದೆ ಎಂಬಂತೆ, ಮೆಲ್ಲಗೆ ಕೇಳಿದ.

"ಅಕ್ಕಾರ, ಒಂದ್ಮಾತು ನನ್ನನ್ನೇ ಕೇಳಬಹುದಿತ್ತಲ್ರಿ, ಯಾಕ ಕೇಳಲಿಲ್ಲ?"