ಓದಿ ಹೇಳದೆ ಸಹಿ ಹಾಕಿಸದ ರಂಜನಾ

ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ನಾನು ಕೈಕೆಳಗಿನವರ ಗೌಪ್ಯ ವರದಿಗೆ ಕೆಂಪು ಶಾಯಿ ಬಳಸಿದ್ದು ಒಂದೇ ಸಲ. ಆ ವರದಿ ರಂಜನಾಳದ್ದು. ಬರೆದದ್ದೂ ಒಂದೇ ಸಾಲು: ‘ಪ್ರಾಮಾಣಿಕಳು, ಆದರೆ ಕೆಲಸ ತೀರಾ ನಿಧಾನ. ಮೇಲಿನ ಹುದ್ದೆಗೆ ತಕ್ಕವಳಲ್ಲ.’ ಅದೇ ರಂಜನಾ ಕಳೆದ ಜುಲೈ ಒಂದರಿಂದ ನಮ್ಮ ಪತ್ತಿನ ಸಹಕಾರ ಸಂಘದ ಪ್ರಧಾನ ವ್ಯವಸ್ಥಾಪಕಿ. ಅಂಕೋಲಾದ ಪ್ರಧಾನ ಕಚೇರಿಯೂ ಏಳು ಶಾಖೆಗಳೂ ಈಗ ಅವಳ ಮಾತಿನಂತೆ ನಡೆಯಬೇಕು. ಹೆಮ್ಮೆಪಡುವ ಹಕ್ಕು ನನಗಿದೆಯೋ ಇಲ್ಲವೋ ಗೊತ್ತಿಲ್ಲ. ಹೆಮ್ಮೆಯಂತೂ ಆಗಿದೆ, ಮುಚ್ಚಿಟ್ಟುಕೊಳ್ಳಲು ನನ್ನಿಂದ ಆಗದು.

ಅವಳು ಸಂಘಕ್ಕೆ ಬಂದದ್ದು ೨೦೦೫ರಲ್ಲಿ, ಪಿಗ್ಮಿ ಏಜೆಂಟಾಗಿ. ಪಿಯುಸಿ ಮುಗಿಸಿದ ತೆಳ್ಳಗಿನ ಹುಡುಗಿ. ಅಂಕೋಲಾ ಪೇಟೆಯಲ್ಲಿ ಅಂಗಡಿ ಅಂಗಡಿ ಸುತ್ತಿ, ರಸ್ತೆ ಬದಿಗೆ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರಿಂದ ದಿನಕ್ಕೆ ಹತ್ತೋ ಇಪ್ಪತ್ತೋ ರೂಪಾಯಿ ಜಮೆ ಮಾಡಿಸಿಕೊಂಡು ಬರುತ್ತಿದ್ದಳು. ಚೆಂಡಿಯಾದವಳು. ಜಮೀನು ನೌಕಾನೆಲೆಗೆ ಹೋದಾಗ ಅವಳಿನ್ನೂ ಹೈಸ್ಕೂಲು. ಆಮೇಲೆ ಅಪ್ಪ ಮಧುಕರ, ತಾಯಿ ಮಂಗಲಾ ಹೆದ್ದಾರಿ ಬದಿಯ ಪುನರ್ವಸತಿ ಕಾಲೊನಿಯಲ್ಲಿ ಮನೆ ಕಟ್ಟಿಕೊಂಡಿದ್ದರು.

ನನ್ನ ಮನೆ ಕಾರವಾರ, ಕೆಲಸ ಅಂಕೋಲಾ ಶಾಖೆಯಲ್ಲಿ ಮ್ಯಾನೇಜರಿಕೆ. ದಿನಾ ಎಂಟು ಗಂಟೆಯ ಬಸ್ಸು. ಮದುವೆಯಾದ ಮೇಲೆ ರಂಜನಾಳಿಗೂ ಅದೇ ಬಸ್ಸಾಯಿತು. ಗಂಡ ರೂಪೇಶ ಬೈತಖೋಲದಲ್ಲಿ ಟ್ರಾಲರುಗಳ ಎಂಜಿನ್ ರಿಪೇರಿ ಮಾಡುವವನು, ಮನೆಯೂ ಅಲ್ಲೇ. ಮಗಳು ನೀತಾಳಿಗೆ ಆರು ತಿಂಗಳಾದಾಗ ಅವಳು ಮತ್ತೆ ಕೆಲಸಕ್ಕೆ ಹೊರಟಳು, ಕಂಕುಳಲ್ಲಿ ಕೂಸು. ‘ಇನ್ನು ಶಾಖೆಯಲ್ಲಿ ತೊಟ್ಟಿಲು ಕಟ್ಟಬೇಕು’ ಎಂದು ನಾನು ಮನಸ್ಸಿನಲ್ಲೇ ಗೊಣಗಿಕೊಂಡೆ. ಬಸ್ಸು ಚೆಂಡಿಯಾ ದಾಟಿ ಕಾಲೊನಿಯ ಸ್ಟಾಪಿನಲ್ಲಿ ನಿಂತಾಗ ನೋಡಿದರೆ ಮಧುಕರ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಕಾದಿದ್ದಾರೆ. ಬಾಗಿಲಲ್ಲೇ ಕೂಸು ಇವಳ ಕೈಯಿಂದ ಅವರ ಕೈಗೆ ಹೋಯಿತು, ಹಿಂದಿನಿಂದ ಹಾಲಿನ ಬಾಟಲಿ ಇದ್ದ ಚೀಲ. ಸಂಜೆ ಅದೇ ಸ್ಟಾಪಿನಲ್ಲಿ ವಾಪಸು. ಕಂಡಕ್ಟರು “ಪಾರ್ಸೆಲ್ ಬಂತು, ಪಾರ್ಸೆಲ್” ಎಂದು ಕೂಗುತ್ತಿದ್ದ, ಬಸ್ಸಿಗೆ ಬಸ್ಸೇ ನಗುತ್ತಿತ್ತು. ಐದು ವರ್ಷದ ಮೇಲೆ ಸುಜಯ ಹುಟ್ಟಿದಾಗಲೂ ಇದೇ ಏರ್ಪಾಡು. ಮಳೆಗಾಲದಲ್ಲಿ ಮಧುಕರರ ಕೊಡೆ ಗಾಳಿಗೆ ಉಲ್ಟಾ ಆದದ್ದನ್ನು ಎಷ್ಟೋ ಸಲ ನೋಡಿದ್ದೇನೆ, ಆದರೆ ಆ ಮನುಷ್ಯ ಒಂದು ದಿನವೂ ತಡ ಮಾಡಲಿಲ್ಲ.

ಕೂಸನ್ನು ಕೊಟ್ಟ ಮೇಲೆ ಅವಳು ಪುಸ್ತಕ ತೆಗೆಯುತ್ತಿದ್ದಳು. ಕಾಲೊನಿಯಿಂದ ಅಂಕೋಲಾಕ್ಕೆ ಸುಮಾರು ಮುಕ್ಕಾಲು ಗಂಟೆಯ ದಾರಿ. ಬಿಕಾಂ, ಎಂಕಾಂ, ಸಹಕಾರ ಡಿಪ್ಲೊಮಾ, ಮೂರನ್ನೂ ಹೆಚ್ಚುಕಡಿಮೆ ಆ ಬಸ್ಸಿನ ಸೀಟಿನಲ್ಲೇ ಓದಿ ಮುಗಿಸಿದಳು. ನಡುವೆ ಒಂದು ವರ್ಷ ಫೇಲೂ ಆದಳು. ನೀತಾಳಿಗೆ ಟೈಫಾಯಿಡ್ ಬಂದ ವರ್ಷ ಅದು.

ನನಗೆ ತಲೆನೋವಾದದ್ದು ಅವಳ ಇನ್ನೊಂದು ಓದು. ೨೦೧೦ರಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿ ಅವಳು ಸಾಲದ ಕೌಂಟರಿನಲ್ಲಿ ಕೂತಳು. ಸಾಲದ ಕಾಗದವೆಂದರೆ ಐದಾರು ಪುಟ. ಎಲ್ಲರೂ ಮಾಡುವುದು ಏನು? ಸಹಿಯ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿ, ‘ಇಲ್ಲಿ, ಇಲ್ಲಿ, ಇಲ್ಲಿ’ ಎಂದು ತೋರಿಸುವುದು. ಇವಳು ಹಾಗಲ್ಲ. ಮೊದಲ ಪುಟದಿಂದ ಕೊನೆಯವರೆಗೆ ಗಟ್ಟಿಯಾಗಿ ಓದುವುದು. ಸಾಲ ಪಡೆಯುವವರಿಗೆ ಒಮ್ಮೆ, ಜಾಮೀನು ನಿಲ್ಲುವವರಿಗೆ ಮತ್ತೊಮ್ಮೆ. ಕೊಂಕಣಿಯವರಿಗೆ ಕೊಂಕಣಿಯಲ್ಲಿ ಬಿಡಿಸಿ ಹೇಳುವುದು. ಒಬ್ಬರಿಗೆ ಅರ್ಧ ಗಂಟೆ. ಸೋಮವಾರ ಸಾಲು ಮೆಟ್ಟಿಲಿಳಿದು ರಸ್ತೆಗೆ ಬರುತ್ತಿತ್ತು.

೨೦೧೪ರಲ್ಲಿ ಒಂದು ದಿನ ತರಕಾರಿ ಮಾರುವ ದುರ್ಗಿ ಬಂದಿದ್ದಳು, ಮನೆಯ ಮಾಡು ರಿಪೇರಿಗೆ ಸಾಲ ಬೇಕಿತ್ತು. ರಂಜನಾ ನಾಲ್ಕನೇ ಪುಟದಲ್ಲಿದ್ದಳು. ಹಿಂದೆ ಹದಿನೆಂಟು ಜನ. ನನ್ನ ತಾಳ್ಮೆ ಕೆಟ್ಟಿತು. ಕ್ಯಾಬಿನ್ನಿನಿಂದಲೇ ಕೂಗಿದೆ.

“ರಂಜನಾ, ಇದೇನು ಶಾಲೆಯಾ? ಸಹಿ ಹಾಕಿಸಿ ಕಳಿಸು ಮಾರಾಯ್ತಿ!”

ರಂಜನಾ ತಲೆ ಎತ್ತುವ ಮೊದಲೇ ದುರ್ಗಿ ತಿರುಗಿದಳು.

“ನೀವು ಸುಮ್ನಿರಿ ಸಾಯೇಬ್ರೆ. ದುಡ್ಡು ಕಟ್ಟೂದು ನಾನಲ್ದಾ? ತಂಗೀ, ನೀ ಓದು.”

ಹದಿನೆಂಟು ಜನರೂ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಆ ಮಾರ್ಚಿನಲ್ಲಿ ಅಕೌಂಟೆಂಟ್ ಹುದ್ದೆ ಖಾಲಿಯಾಯಿತು, ಸರದಿಯಂತೆ ಅವಳಿಗೇ ಬರಬೇಕಿತ್ತು. ನಾನು ಕೆಂಪು ಪೆನ್ನು ತೆಗೆದೆ. ಹುದ್ದೆ ಅವಳಿಗಿಂತ ಮೂರು ವರ್ಷ ಚಿಕ್ಕವನಿಗೆ ಹೋಯಿತು.

ಮರುದಿನ ಅವಳು ಕ್ಯಾಬಿನ್ನಿಗೆ ಬಂದಳು. ಅಳಲಿಲ್ಲ, ಜಗಳವಾಡಲಿಲ್ಲ.

“ಸರ್, ನನ್ ಬಗ್ಗೆ ಎಂತ ಬರ್ದೀರಿ ಅಂತ ಒಂದ್ಸಲ ಓದಿ ಹೇಳ್ತೀರಾ?”

“ಅದು ಗೌಪ್ಯ” ಎಂದೆ. ಅವಳ ಮುಖ ನೋಡುವ ಧೈರ್ಯ ಆಗಲಿಲ್ಲ. “ಆಯ್ತು ಸರ್” ಎಂದು ಹೋಗಿ ಕೌಂಟರಿನಲ್ಲಿ ಕೂತಳು. ಐದು ನಿಮಿಷದಲ್ಲಿ ಅವಳ ಓದುವ ದನಿ ಮತ್ತೆ ಕೇಳಿಸಿತು.

ಆ ಓದು ಎಲ್ಲಿಂದ ಬಂತೆಂದು ನನಗೆ ತಿಳಿದದ್ದು ಮರುವರ್ಷ. ಮಧುಕರರನ್ನು ಸಂಘದ ಸದಸ್ಯರಾಗಿ ಸೇರಿಸಿಕೊಳ್ಳಲು ಅವರ ಒಂದು ಸಹಿ ಬೇಕಿತ್ತು. ಸ್ಟಾಪಿನಲ್ಲಿ ನಾನೇ ಬಸ್ಸಿನ ಕಿಟಕಿಯಿಂದ ಫಾರ್ಮು ಚಾಚಿದೆ. ಅವರು ಹಾವು ಕಂಡವರಂತೆ ಹಿಂದೆ ಸರಿದರು. ಬಸ್ಸು ಹೊರಟ ಮೇಲೆ ರಂಜನಾ ಹೇಳಿದಳು.

“ಬಾಬಾ ಸಹಿ ಹಾಕೂದಿಲ್ಲ ಸರ್. ಪರಿಹಾರದ ಹಣ ಬಂದ ವರ್ಷ, ನಮ್ ಸಂಬಂಧಿಕರೊಬ್ರು ಟೆಂಪೋ ಸಾಲಕ್ಕೆ ಅಂತ ಕಾಗದ ತಂದ್ರು. ಬರೀ ಸಾಕ್ಷಿ ಸಹಿ ಅಂದ್ರು. ಬಾಬಾ ಹಾಕಿದ್ರು. ಅದು ಜಾಮೀನು ಸಹಿ. ಅವ್ರು ಕಟ್ಟಲಿಲ್ಲ, ಪರಿಹಾರದಲ್ಲಿ ಅರ್ಧ ಅದಕ್ಕೇ ಹೋಯ್ತು. ಆಗ ನಾ ಎಂಟನೇ ಕ್ಲಾಸು, ಅಲ್ಲೇ ಕೂತು ಬರೀತಿದ್ದೆ. ಆ ಕಾಗದ ನನ್ ಕೈಗೆ ಕೊಟ್ಟಿದ್ರೆ ಓದಿ ಹೇಳ್ತಿದ್ದೆ. ಯಾರೂ ಕೊಡಲಿಲ್ಲ.”

ಅಂದಿನಿಂದ ಮಧುಕರ ಯಾವ ಕಾಗದಕ್ಕೂ ಸಹಿ ಹಾಕಿರಲಿಲ್ಲ. ಮಗಳ ಶಾಲೆಯ ಅಂಕಪಟ್ಟಿಗೂ ಮಂಗಲಾ ಅವರದೇ ಸಹಿ, ಮದುವೆಯ ನೋಂದಣಿಯಲ್ಲೂ ಅಷ್ಟೇ. ಆ ಕೆಂಪು ಸಾಲನ್ನು ಹಿಂದೆ ತೆಗೆದುಕೊಳ್ಳಬಹುದಿತ್ತು. ಒಂದು ಪತ್ರ ಬರೆದಿದ್ದರೆ ಸಾಕಿತ್ತು. ಬರೆಯಲಿಲ್ಲ. ಮ್ಯಾನೇಜರ್ ಎಂಬ ಕೊಬ್ಬು ನನಗೆ.

ನನ್ನ ಬಾಯಿ ಮುಚ್ಚಿಸಿದ್ದು ಲೆಕ್ಕಪರಿಶೋಧಕರು. ವಸೂಲಾಗದ ಸಾಲಗಳ ಪಟ್ಟಿ ಮಾಡಿದಾಗ ರಂಜನಾ ಕೈಯಿಂದ ಹೋದ ಸಾಲ ಒಂದೂ ಅದರಲ್ಲಿರಲಿಲ್ಲ. ಕಾರಣ ದೊಡ್ಡ ಗುಟ್ಟೇನಲ್ಲ. ಕಂತು ಎಷ್ಟು, ಯಾವ ತಾರೀಕು, ತಪ್ಪಿದರೆ ಬಡ್ಡಿ ಎಷ್ಟು ಎಂದು ಅವಳ ಗಿರಾಕಿಗಳಿಗೆ ಬಾಯಿಪಾಠ. ಜಾಮೀನು ನಿಂತವರಿಗೆ ತಾವು ಜಾಮೀನು ಎಂದು ಗೊತ್ತು, ಹಾಗಾಗಿ ಸಾಲಗಾರನ ಬೆನ್ನು ಬಿಡುತ್ತಿರಲಿಲ್ಲ. ದುರ್ಗಿಯಂತೂ ಕೊನೆಯ ಎರಡು ಕಂತನ್ನು ಮುಂಚೆಯೇ ಕಟ್ಟಿ, ನನ್ನ ಕ್ಯಾಬಿನ್ನಿಗೆ ಇಣುಕಿ, “ಮುಗೀತು ಸಾಯೇಬ್ರೆ” ಎಂದು ಹೇಳಿಯೇ ಹೋದಳು.

ಅಲ್ಲಿಂದ ಅವಳನ್ನು ಹಿಡಿಯುವವರಿರಲಿಲ್ಲ. ಅಕೌಂಟೆಂಟ್ ಆದಳು, ಕಾರವಾರ ಶಾಖೆಯ ಮ್ಯಾನೇಜರಾದಳು, ಬೈತಖೋಲದ ಮೀನು ಮಾರುವ ಹೆಂಗಸರ ಖಾತೆ ಸಾವಿರ ದಾಟಿಸಿದಳು, ಪ್ರಧಾನ ಕಚೇರಿಯ ಹಣಕಾಸು ವಿಭಾಗಕ್ಕೆ ಮುಖ್ಯಸ್ಥೆಯಾದಳು. ಮನೆಯಲ್ಲಿ ಎಲ್ಲ ಸುಸೂತ್ರವಾಗಿತ್ತು ಎಂದರೆ ಸುಳ್ಳು. ಸುಜಯನ ಶಾಲೆಯ ಕಾರ್ಯಕ್ರಮಕ್ಕೆ ಎರಡು ವರ್ಷ ಅವಳಿಗೆ ಹೋಗಲಾಗದ್ದಕ್ಕೆ ಅವನು ಅಮ್ಮನ ಜೊತೆ ಮಾತು ಬಿಟ್ಟಿದ್ದ. ರೂಪೇಶ ಮೊದಮೊದಲು ಮುಖ ಊದಿಸಿಕೊಂಡು, ಆಮೇಲೆ ತಾನೇ ಮೀನಿನ ಸಾರು ಮಾಡಲು ಕಲಿತ. ಈಗ ಅವಳಿಗಿಂತ ಚೆನ್ನಾಗಿ ಮಾಡುತ್ತಾನೆ, ಅದನ್ನು ಊರಿಗೆಲ್ಲ ಹೇಳಿಕೊಂಡೂ ತಿರುಗುತ್ತಾನೆ.

ಕಳೆದ ಮೇ ತಿಂಗಳಲ್ಲಿ ಪ್ರಧಾನ ವ್ಯವಸ್ಥಾಪಕರ ಆಯ್ಕೆ. ನಾನು ನಿವೃತ್ತನಾಗಿ ನಾಲ್ಕು ವರ್ಷ, ಹಳಬನೆಂದು ಆಯ್ಕೆ ಸಮಿತಿಗೆ ಕರೆದಿದ್ದರು. ಕೊನೆಗೆ ಉಳಿದವರು ಇಬ್ಬರು. ಒಬ್ಬ ಹೊರಗಿನವನು, ಕೋಟು ಹಾಕಿಕೊಂಡು ಬಂದಿದ್ದ, ಮಾತು ಬಲ್ಲವನು. ಇನ್ನೊಬ್ಬಳು ರಂಜನಾ.

ಒಬ್ಬ ನಿರ್ದೇಶಕರು ಅವಳನ್ನು ಕೇಳಿದರು. “ಇಬ್ರು ಮಕ್ಳು ನಿಮ್ಗೆ. ಏಳು ಶಾಖೆ ಓಡಾಟ. ಹೇಗೆ ಸಂಭಾಳಿಸ್ತೀರಿ?”

“ಸರ್, ನೀತಾಗೆ ಆರು ತಿಂಗ್ಳಿದ್ದಾಗ ಯಾರೂ ಕೇಳಲಿಲ್ಲ” ಎಂದಳು ನಗುತ್ತ. “ಈಗ ಅವ್ಳಿಗೆ ಹದಿನಾರು.”

ಅಧ್ಯಕ್ಷರು ಅವಳ ಹಳೆಯ ಕಡತ ತಿರುವುತ್ತಿದ್ದರು. ಒಂದು ಪುಟದಲ್ಲಿ ಕೈ ನಿಂತಿತು. ಕೆಂಪು ಶಾಯಿ ಎದುರು ಕೂತ ನನಗೂ ಕಾಣಿಸಿತು.

“ನಿಮ್ಮ ಮೇಲಧಿಕಾರಿ ಇಲ್ಲೊಂದು ಷರಾ ಬರ್ದಾರೆ. ಅದಕ್ಕೆ ಎಂತ ಹೇಳ್ತೀರಿ?”

“ಅದ್ರಲ್ಲಿ ಎಂತದೆ ಅಂತ ನಂಗೆ ಗೊತ್ತಿಲ್ಲ ಸರ್. ಹನ್ನೊಂದು ವರ್ಷದ ಹಿಂದೆ ಕೇಳಿದ್ದೆ.”

ಅವಳು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಅಷ್ಟು ನೋಯುತ್ತಿರಲಿಲ್ಲ. ನಾನು ಎದ್ದು ಕಡತ ತೆಗೆದುಕೊಂಡೆ, ಕನ್ನಡಕ ಹಾಕಿಕೊಂಡೆ, ಆ ಸಾಲನ್ನು ಗಟ್ಟಿಯಾಗಿ ಓದಿದೆ. ಕೆಳಗಿದ್ದ ನನ್ನ ಹೆಸರನ್ನೂ ಓದಿದೆ.

“ಬರೆದವ ನಾನು” ಎಂದೆ. “ಆ ವರ್ಷ ಇವಳು ಓದಿ ಹೇಳಿ ಕೊಟ್ಟ ಸಾಲ ಇನ್ನೂರ ಹನ್ನೆರಡು, ಎಲ್ಲ ತೀರಿದೆ. ನಾನು ಬೇಗ ಬೇಗ ಸಹಿ ಹಾಕಿಸಿದ್ದರಲ್ಲಿ ಹದಿನೇಳು ಇವತ್ತಿಗೂ ಕೋರ್ಟಿನಲ್ಲಿದೆ. ತಕ್ಕವನಲ್ಲ ಎಂದು ಬರೆಯಬೇಕಾದದ್ದು ಬೇರೆಯವರ ಬಗ್ಗೆ.”

ರಂಜನಾ ಆಗ ನನ್ನನ್ನು ನೋಡಿದಳು. “ಆದ್ರೆ ನಿಧಾನ ಅನ್ನೂದು ಖರೇ ಸರ್” ಎಂದಳು ಸಮಿತಿಗೆ. “ಈಗ್ಲೂ ನಿಧಾನವೇ. ಈ ಹುದ್ದೆ ಕೊಟ್ರೆ ಏಳೂ ಶಾಖೆಯಲ್ಲಿ ಓದಿ ಹೇಳಿಯೇ ಸಹಿ. ಬ್ಯಾಡ ಅಂದ್ರೆ ಈಗ್ಲೇ ಹೇಳಿಬಿಡಿ.”

ಬೇಡವೆಂದು ಯಾರೂ ಹೇಳಲಿಲ್ಲ.

ಸೇವಾ ಕರಾರಿಗೆ ಇಬ್ಬರು ಸಾಕ್ಷಿಗಳು ಬೇಕು. ಒಬ್ಬ ನಾನಾಗಬೇಕೆಂದು ಅವಳೇ ಕರೆದಳು. ಇನ್ನೊಬ್ಬರು ಯಾರೆಂದು ಹೇಳಲಿಲ್ಲ. ಭಾನುವಾರ ಕಾಲೊನಿಯ ಮನೆಗೆ ಹೋದರೆ ಜಗಲಿಯಲ್ಲಿ ಮಧುಕರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದಾರೆ, ಎದುರಿಗೆ ಸ್ಟೂಲು, ಸ್ಟೂಲಿನ ಮೇಲೆ ಪೆನ್ನು. ರಂಜನಾ ಕರಾರನ್ನು ಮಗಳ ಕೈಗೆ ಕೊಟ್ಟಳು. ಒಂದು ಕಾಲದಲ್ಲಿ ಬಸ್ಸಿನ ಬಾಗಿಲಲ್ಲಿ ಪಾರ್ಸೆಲ್ಲಾಗುತ್ತಿದ್ದ ನೀತಾ ಒಂಬತ್ತು ಪುಟವನ್ನೂ ಓದಿದಳು, ಕನ್ನಡದಲ್ಲಿ ಓದಿ ಕೊಂಕಣಿಯಲ್ಲಿ ಹೇಳಿದಳು. ಮಧುಕರ ಎರಡು ಕಡೆ ನಿಲ್ಲಿಸಿ ಮತ್ತೆ ಓದಿಸಿದರು.

“ಜಾಮೀನು ಅಂತ ಎಲ್ಲೂ ಇಲ್ಲ ಅಲ್ದಾ?”

“ಇಲ್ಲ ಆಜೋ. ಸಾಕ್ಷಿ ಮಾತ್ರ. ನಿಮ್ ಎದ್ರಿಗೆ ಅಮ್ಮ ಸಹಿ ಹಾಕ್ತಾಳೆ, ನೀವು ನೋಡಿದ್ರಿ ಅಂತ, ಅಷ್ಟೇ.”

“ನೋಡ್ದೆ ಮತ್ತೆ” ಎಂದರು ಮಧುಕರ. “ದಿನಾ ಬಸ್‌ಸ್ಟಾಪಲ್ಲಿ ನಿಂತು ನೋಡ್ದೆ.”

ರಂಜನಾ ಸಹಿ ಹಾಕಿದಳು. ಆಮೇಲೆ ಅವರು ಪೆನ್ನು ಹಿಡಿದರು. ಇಪ್ಪತ್ತೈದು ವರ್ಷದ ಮೇಲೆ ಹಾಕುವ ಸಹಿ. ಒಂದಕ್ಷರ ಬರೆದು ನಿಂತರು, ಬೆರಳು ಒರೆಸಿಕೊಂಡರು, ಇನ್ನೊಂದು ಬರೆದರು. ಬಹಳ ಹೊತ್ತು ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ. ನಾನೂ ಮಾಡಲಿಲ್ಲ.