ಅಪ್ಪ ದಾಟಿಸಿದ ಪಾತ್ರೆ

ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಭಾನುವಾರ ಅಪ್ಪ ರೊಟ್ಟಿ ತೆಗೆದುಕೊಳ್ಳುತ್ತಿದ್ದ. ದ್ರಾಕ್ಷಾರಸದ ಪಾತ್ರೆ ಬಂದಾಗ ಮಾತ್ರ ಎರಡೂ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ, ತುಟಿಗೆ ತಾಗಿಸದೆ ಪಕ್ಕದವರಿಗೆ ದಾಟಿಸಿಬಿಡುತ್ತಿದ್ದ. ಮೊದಮೊದಲು ಯಾರೂ ಗಮನಿಸಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಗೋವೆಯ ಸಾಂಕೋಲೆಯ ನಮ್ಮ ಪುಟ್ಟ ಕನ್ನಡ ಕ್ರೈಸ್ತ ಸಭೆಯಲ್ಲಿ ಅದನ್ನು ಕಾಣದವರು ಉಳಿದಿರಲಿಲ್ಲ.

ನಮ್ಮ ಜನರಲ್ಲಿ ಪಾತ್ರೆ ದಾಟಿಸುವುದೆಂದರೆ ಸಣ್ಣ ಸಂಗತಿಯಲ್ಲ. ಯಾರ ಜೊತೆಗೋ ಜಗಳ ಉಳಿದಿದೆ, ಇಲ್ಲವೇ ಒಪ್ಪಿಕೊಳ್ಳದ ಪಾಪ ಒಳಗಿದೆ ಎಂದು ಅದರ ಅರ್ಥ. ಗದಗಿನ ಕಡೆ ನಮ್ಮ ಊರಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟರೆ ಇಬ್ಬರೂ ಪಾತ್ರೆ ಮುಟ್ಟುತ್ತಿರಲಿಲ್ಲ. ಹಿರಿಯರು ಮನೆಗೆ ಹೋಗಿ, ಕೂಡಿಸಿ, ಪ್ರಾರ್ಥನೆ ಮಾಡಿ, ಮುಂದಿನ ತಿಂಗಳು ಇಬ್ಬರನ್ನೂ ಒಂದೇ ಸಾಲಿನಲ್ಲಿ ಕೂರಿಸುತ್ತಿದ್ದರು. ಒಳ್ಳೆಯ ಪದ್ಧತಿಯೇ. ಆದರೆ ಯಾವ ಜಗಳವೂ ಇಲ್ಲದ ಮನುಷ್ಯ ದಾಟಿಸಿದರೆ ಏನು ಮಾಡಬೇಕೆಂದು ಆ ಪದ್ಧತಿಗೆ ತಿಳಿದಿರಲಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಬಿ.ಕಾಂ. ಮುಗಿಸಿ ಸಾಂಕೋಲೆಯ ಒಂದು ಕಾರ್ಖಾನೆಯ ಆಫೀಸಿಗೆ ಸೇರಿದ್ದೆ. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಯಾಕೆಂದರೆ ಅದು ನನ್ನೊಬ್ಬಳದಲ್ಲ. ಊರು ಬಿಟ್ಟು ಗೋವೆಗೆ ಬಂದ ಮೇಲೆ ಸಾವರ್ಡೆಯಲ್ಲಿ ಅದಿರಿನ ಲಾರಿಗಳಿಗೆ ಮಣ್ಣು ತುಂಬಿ ಅಪ್ಪನ ಬೆನ್ನು ಕೆಂಪಾಗಿತ್ತು. ಅವ್ವ ಅದೇ ಕೆಂಪು ಬಟ್ಟೆ ಒಗೆದು ಒಗೆದು ಕೈ ಸವೆಸಿದ್ದಳು. ಸಾವರ್ಡೆಯಿಂದ ಮಡಗಾಂವಕ್ಕೆ ದಿನಾ ರೈಲಿನಲ್ಲಿ ಹೋಗಿ ಬಂದು ನಾನು ಓದಿದೆ. ನೌಕರಿ ಸಿಕ್ಕ ಮೇಲೆ ಮೂವರೂ ಸಾಂಕೋಲೆಗೆ ಬಂದೆವು, ಅಪ್ಪನಿಗೂ ಒಂದು ಕಾರ್ಖಾನೆಯ ಗೇಟಿನಲ್ಲಿ ವಾಚ್‌ಮನ್ ಕೆಲಸ ಸಿಕ್ಕಿತು.

ಇದರ ನಡುವೆ ಒಂದು ಮಾತಿದೆ. ಸಾವರ್ಡೆಯಲ್ಲಿ ಅಪ್ಪ ಕುಡಿಯುತ್ತಿದ್ದ. ಊರಲ್ಲಿ ಕದ್ದು ಮಾಡಬೇಕಾದದ್ದನ್ನು ಗೋವೆಯಲ್ಲಿ ಅಕ್ಕಿ ಅಂಗಡಿಯ ಪಕ್ಕದಲ್ಲೇ ನಿಂತು ಮಾಡಬಹುದಿತ್ತು, ತಡೆಯುವ ಕಣ್ಣು ಇರಲಿಲ್ಲ. ನಾನು ಶಾಲೆ ಮುಗಿಸುವ ವರ್ಷ ಅವನು ಬಿಟ್ಟ. ಬಿಟ್ಟು ಹಿಡಿದು, ಮತ್ತೆ ಬಿಟ್ಟು ಹಿಡಿದು, ಕೊನೆಗೆ ಬಿಟ್ಟ. ಆಮೇಲೆ ಇಲ್ಲಿನ ನೆರೆಹೊರೆಯ ಮದುವೆಗಳಿಗೆ ಹೋದರೆ, ವಧೂವರರಿಗೆ ಒಳಿತು ಕೋರಿ ಎಲ್ಲರೂ ಗ್ಲಾಸು ಎತ್ತುವ ಹೊತ್ತಿಗೆ ಅವನು ಯಾರದೋ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ಹೊರಗೆ ಗೇಟಿನ ಹತ್ತಿರ ನಿಂತಿರುತ್ತಿದ್ದ.

ಊರಿನ ಸಭೆಯಲ್ಲಿ ಭೋಜನಕ್ಕೆ ಒಣದ್ರಾಕ್ಷಿ ನೆನೆಹಾಕಿ, ಕುದಿಸಿ, ಸೋಸಿದ ರಸ ಇಡುತ್ತಿದ್ದರು. ಸಾಂಕೋಲೆಯಲ್ಲಿ ಬಾಟಲಿಯ ವೈನ್. ಇಲ್ಲಿ ಅದು ಎಲ್ಲೆಂದರಲ್ಲಿ ಸಿಗುತ್ತದೆ, ಯಾರಿಗೂ ಅದರಲ್ಲಿ ವಿಶೇಷ ಕಾಣುತ್ತಿರಲಿಲ್ಲ.

ಒಂದು ಸಂಜೆ ಸಭೆಯ ಹಿರಿಯರೊಬ್ಬರು ನಮ್ಮ ಮನೆಗೆ ಬಂದರು. ಧಾರವಾಡದವರು, ಸರಕಾರಿ ಆಫೀಸಿನಲ್ಲಿದ್ದರು, ಇಸ್ತ್ರಿ ಮಾಡಿದ ಅಂಗಿ, ತೂಕದ ಮಾತು.

"ಯಾರ ಜೋಡಿ ಏನರ ಮನಸ್ತಾಪ ಐತೇನ್ರಿ?"

"ಇಲ್ರಿ," ಅಂದ ಅಪ್ಪ.

"ಮತ್ತ ಪಾತ್ರಿ ಯಾಕ ಬಿಡಾಕತ್ತೀರಿ?"

ಅಪ್ಪ ನೆಲ ನೋಡಿದ. "ಹಂಗ ಏನೋ ರೀ."

"ಹಂಗ ಏನೋ ಅಂದ್ರ ಆಗೂದಿಲ್ರಿ. ಪಾಸ್ಟರ್ ಕೇಳಾಕತ್ತಾರ. ಕಾರಣ ಹೇಳದ ಹಿಂಗ ನಡದ್ರ ರೊಟ್ಟೀನೂ ಕೊಡಾಕ ಬರೂದಿಲ್ಲ. ಅರ್ಧಾ ಭೋಜನ ಅಂತ ಇರೂದಿಲ್ಲ ನೋಡ್ರಿ."

ಅವರು ಹೋದ ಮೇಲೆ ನಾನು ಹೇಳಿದೆ, "ಹೇಳಿಬಿಡೂಣು ಅಪ್ಪಾ. ಇದರಾಗ ನಾಚಿಕಿ ಏನೈತಿ?"

"ನಿನಗ ಇಲ್ಲ, ನನಗೈತಿ," ಅಂದ. "ವಾಸನಿ ಬಂದ್ರ ಸಾಕು ಯವ್ವಾ, ಬಾಯಾಗ ನೀರ ಬರತೈತಿ. ಅದು ಕರ್ತನ ಪಾತ್ರಿ ಅಂತ ನನ್ನ ನಾಲಿಗಿಗಿ ಗೊತ್ತಿಲ್ಲ. ಸಾವರ್ಡೆದಾಗ ಎಲ್ಲಾರಿಗೂ ನಾ ಕುಡುಕ. ಇಲ್ಲಿ ಡಿಗ್ರಿ ಮಾಡಿದ ಹುಡಿಗಿ ಅಪ್ಪ. ಅಷ್ಟ ಇರ್ಲಿ ಬಿಡು."

"ರೊಟ್ಟೀನೂ ತಪ್ಪಿಸ್ತಾರಂತ, ಕೇಳಿಲ್ಲೇನು?"

"ಕೇಳೇನಿ. ಆದ್ರ ನನ್ನೊಬ್ಬನ ಸಲುವಾಗಿ ಇಡೀ ಸಭಿ ಯಾಕ ಬದಲಾಗಬೇಕು? ಅವರಿಗೆ ಅದು ಏನೂ ಮಾಡಂಗಿಲ್ಲ, ಅವರು ಕುಡೀಲಿ. ನೀ ನನ್ನ ಹೆಸರ ತಗೀಬ್ಯಾಡ. ಆಣಿ ಹಾಕಂಗಿಲ್ಲ, ಕೇಳಾಕತ್ತೇನಿ, ಅಷ್ಟ."

ಅವನು ಆಣೆ ಹಾಕಿದ್ದರೆ ನಾನು ಜಗಳವಾಡುತ್ತಿದ್ದೆನೇನೋ. ಕೇಳಿಕೊಂಡಿದ್ದರಿಂದ ನನ್ನ ಕೈ ಕಟ್ಟಿಹೋಯಿತು.

ನಮಗೆ ಸ್ವಂತ ದೇವಾಲಯ ಇರಲಿಲ್ಲ. ಒಂದು ಶಾಲೆಯ ಕೋಣೆಯಲ್ಲಿ ಮಧ್ಯಾಹ್ನ ಆರಾಧನೆ ನಡೆಯುತ್ತಿತ್ತು. ತಿಂಗಳಿಗೊಮ್ಮೆ ಹುಬ್ಬಳ್ಳಿ ಕಡೆಯಿಂದ ಪಾಸ್ಟರ್ ರೈಲಿನಲ್ಲಿ ಬಂದು ಭೋಜನ ಕೊಟ್ಟು ಹೋಗುತ್ತಿದ್ದರು. ಆರಾಧನೆ ಮುಗಿದ ಮೇಲೆ ಸಭೆಯ ವಿಚಾರಗಳ ಮಾತುಕತೆ. ಅಂಥ ಒಂದು ಭಾನುವಾರ ಅಪ್ಪ ಡ್ಯೂಟಿಗೆ ಹೋಗಿದ್ದ. ಹೆಸರು ತೆಗೆಯದೆ ಕೇಳಬಹುದಲ್ಲ ಎಂದುಕೊಂಡು ನಾನು ಎದ್ದು ನಿಂತೆ. ನಮ್ಮ ಊರಿನಂತೆ ಇಲ್ಲಿಯೂ ಒಣದ್ರಾಕ್ಷಿ ರಸ ಇಟ್ಟರೆ ಹೇಗೆ ಎಂದೆ.

ಹಿರಿಯರು ನಕ್ಕರು, ಕೆಟ್ಟದಾಗಿ ಅಲ್ಲ. "ಯಾಕವಾ? ಇಲ್ಲಿ ಕಥೋಲಿಕರ ಇಗರ್ಜಿಯೊಳಗೂ ವೈನ್ ಇಡ್ತಾರಲ್ಲ?"

"ಅಲ್ಲಿ ಪಾದ್ರಿಗೋಳು ಕುಡೀತಾರ್ರಿ, ಇಲ್ಲಿ ನಾವೆಲ್ಲಾರೂ," ಎಂದು ಹಿಂದಿನಿಂದ ಯಾರೋ ಅಂದರು. ಕೋಣೆ ತುಂಬ ನಗೆ.

ನಗು ನಿಂತ ಮೇಲೆ ಹಿರಿಯರು ಗಂಭೀರರಾದರು. "ನೋಡವಾ, ನೀ ಕಲತಾಕಿ. ನಮ್ಮ ಅಜ್ಜಗೋಳ ಕಾಲದಾಗ ಅದು ಮುಟ್ಟಬ್ಯಾಡ, ಇದು ತಿನ್ನಬ್ಯಾಡ, ಅವರ ಮನ್ಯಾಗ ನೀರ ಕುಡೀಬ್ಯಾಡ ಅಂತ ಕಟ್ಟಳಿ ಇದ್ದವು. ಕ್ರಿಸ್ತ ಅವನ್ನೆಲ್ಲಾ ಬಿಚ್ಚಿ ನಮ್ಮನ್ನ ಹೊರಗ ತಂದ. ನಾವು ಸ್ವತಂತ್ರರು. ಮತ್ತ ಯಾಕ ಹೊಸಾ ಹಗ್ಗ ಹೊಸೀತಿ?"

ಅವರ ಮಾತು ಸುಳ್ಳಲ್ಲ. ಆ ಹಳೆಯ ಜಾತಿಯ ಕಟ್ಟಳೆಗಳ ಕೆಳಗೆ ನಮ್ಮ ಮುತ್ತಜ್ಜಂದಿರು ಅವರ ಮುತ್ತಜ್ಜಂದಿರಿಗಿಂತ ಹೆಚ್ಚು ನರಳಿದ್ದರು. ಬಿಡುಗಡೆ ಎಂಬ ಮಾತಿನ ಬೆಲೆ ನನಗೂ ಗೊತ್ತಿತ್ತು. ಆದರೂ ಹೇಳಿದೆ:

"ನಾವು ಸ್ವತಂತ್ರರು, ಖರೇ ರೀ. ಆದ್ರ ನಮ್ಮ ಸ್ವಾತಂತ್ರ್ಯ ಇನ್ನೊಬ್ಬರಿಗೆ ಎಡವೂ ಕಲ್ಲಾದ್ರ?"

"ಯಾರಿಗೆ? ಹೆಸರ ಹೇಳು. ಒಬ್ಬರ ಇದ್ರೂ ಸಾಕು, ಇವತ್ತಿನಿಂದ ಬಾಟ್ಲಿ ಬಂದ್. ಯಾರೂ ಇಲ್ಲದ ಬರೇ ಮಾತಿಗೆ ಮಾತು ಅಂದ್ರ ಏನ ಮಾಡೂದು?"

ಓದಿದ ಓದು, ಕಲಿತ ಮಾತು, ಯಾವುದೂ ಆಗ ಕೆಲಸಕ್ಕೆ ಬರಲಿಲ್ಲ. ಹೆಸರು ಹೇಳಿದರೆ ಅಪ್ಪ ಕೇಳಿಕೊಂಡ ಮಾತು ಮೀರಿದಂತಾಗುತ್ತದೆ, ಹೇಳದಿದ್ದರೆ ಅವನ ರೊಟ್ಟಿ ಹೋಗುತ್ತದೆ.

ಹೆಂಗಸರ ಚಾಪೆಯಿಂದ ಅವ್ವ ಎದ್ದಳು. ಅಲ್ಲಿಯವರೆಗೆ ಅವಳು ಆ ಕೋಣೆಯಲ್ಲಿ ಹಾಡಿನ ಹೊರತು ದನಿ ತೆಗೆದಿರಲಿಲ್ಲ. ತಲೆಯ ಮೇಲೆ ಸೆರಗು ಎಳೆದುಕೊಂಡು, "ನನ್ನ ಹೆಸರ ಬರಕೊಳ್ರಿ," ಅಂದಳು. "ನನಗ ಅದು ಆಗೂದಿಲ್ಲ."

"ಆಗೂದಿಲ್ಲಂದ್ರ?"

"ಆಗೂದಿಲ್ಲ ರೀ. ಆ ವಾಸನಿ ನನಗ ಬ್ಯಾಡ. ನನ್ನ ಮನಿ ಮುಳುಗಸಿತ್ತದು."

ಅಷ್ಟು ಹೇಳಿ ಕೂತಳು. ಸುಳ್ಳು ಹೇಳಲಿಲ್ಲ. ಆದರೆ ಕೇಳಿದವರು ತಮಗೆ ತಿಳಿದಂತೆ ತಿಳಿದುಕೊಂಡರು. ಅವಳ ಅಕ್ಕಪಕ್ಕ ಕೂತಿದ್ದ ಹೆಂಗಸರು ತುಸು ಸರಿದು ಕೂತರು. ಹಿರಿಯರ ಮುಖ ಕೆಂಪಾಯಿತು; ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಆಡಿದ ಮಾತಿಗೆ ನಿಂತರು. "ಮುಂದಿನ ತಿಂಗಳಿಂದ ಒಣದ್ರಾಕ್ಷಿ," ಎಂದು ಪಾಸ್ಟರಿಗೆ ಹೇಳಿದರು.

ದಾರಿಯಲ್ಲಿ ಅವ್ವನನ್ನು ಕೇಳಿದೆ, "ಎಲ್ಲಾರೂ ನೀನ ಕುಡೀತಿದ್ದಿ ಅಂತ ತಿಳದಾರಲ್ಲವಾ?"

"ತಿಳೀಲಿ. ನನಗ ಯಾವ ವರ ಹುಡುಕಬೇಕಾಗೇತಿ?" ಎಂದು ಚೀಲ ಕೈ ಬದಲಿಸಿದಳು. "ನಿಮ್ಮಪ್ಪಗ ಹೇಳಬ್ಯಾಡ."

ಸಂಬಳ ಬಂದು, ಒಬ್ಬಳೇ ಬಸ್ಸು ಹತ್ತಿ ವಾಸ್ಕೋಗೆ ಹೋಗಿ ಬರುವುದೇ ಆಗ ನನ್ನ ಪಾಲಿನ ಸ್ವಾತಂತ್ರ್ಯವಾಗಿತ್ತು. ಅದನ್ನು ಕೀಳು ಮಾಡುವುದಿಲ್ಲ; ನಮ್ಮ ಮನೆಯಲ್ಲಿ ಯಾವ ಹೆಂಗಸಿಗೂ ಅಷ್ಟು ಸಿಕ್ಕಿರಲಿಲ್ಲ. ಹಿರಿಯರ ಸ್ವಾತಂತ್ರ್ಯ, ತಮ್ಮನ್ನು ಯಾರೂ ತಡೆಯಲಾರರು ಎಂಬುದು. ಅವ್ವನ ಹತ್ತಿರ ಇದ್ದದ್ದು ಒಂದೇ, ಮೂವತ್ತು ವರ್ಷ ಕಷ್ಟಪಟ್ಟು ಉಳಿಸಿಕೊಂಡ ಒಳ್ಳೆಯ ಹೆಸರು. ಅದು ಅವಳದೇ ಆಗಿತ್ತು. ಆದ್ದರಿಂದ ಯಾರ ಅಪ್ಪಣೆಯನ್ನೂ ಕೇಳದೆ ಅದನ್ನು ಕೆಳಗಿಟ್ಟಳು. ನಮ್ಮದಲ್ಲದ್ದನ್ನು ನಾವು ಬಿಟ್ಟುಕೊಡಲು ಬರುವುದಿಲ್ಲ. ಬಿಡುಗಡೆಯಾದವನಿಗೆ ಮಾತ್ರ ಇನ್ನೊಬ್ಬರ ಹೊರೆಗೆ ಹೆಗಲು ಕೊಡಲು ಬರುತ್ತದೆ. ಇಷ್ಟನ್ನು ನಾನು ಯಾವ ತರಗತಿಯಲ್ಲೂ ಕಲಿಯಲಿಲ್ಲ.

ಮುಂದಿನ ವಾರ, ನಾನು ಆಫೀಸಿನಿಂದ ಬಂದಿದ್ದ ಒಂದು ಸಂಜೆ, ಸಭೆಯ ಒಬ್ಬ ಹೆಣ್ಣುಮಗಳು ನಮ್ಮ ಮನೆಗೆ ಬಂದಳು. ನಮ್ಮ ಓಣಿಯವಳೇ, ಒಳ್ಳೆಯ ಮನಸ್ಸಿನವಳು, ಬಾಯಿ ಮಾತ್ರ ತುಸು ಉದ್ದ. ರಾತ್ರಿ ಪಾಳಿಗೆ ಹೋಗಬೇಕಿದ್ದ ಅಪ್ಪ ಪರದೆಯ ಆಚೆ ಮಲಗಿದ್ದ. ನಾನು ಚಹಾ ಇಟ್ಟಿದ್ದೆ.

"ಅಕ್ಕಾ, ತಪ್ಪ ತಿಳೀಬ್ಯಾಡ. ಭಾಳ ದಿನದ್ದೇನು ಚಟ?"

"ಭಾಳ ವರ್ಷದ್ದವಾ," ಅಂದಳು ಅವ್ವ.

"ಈಗ?"

"ಈಗ ಇಲ್ಲ. ಬಿಟ್ಟಾಗೇತಿ."

"ಹೆಂಗ ಬಿಟ್ಟಿ ಅಕ್ಕಾ?"

"ಹೆಂಗಂದ್ರ... ಅಂಗಡಿ ದಾರಿ ಬಿಟ್ಟು ಸುತ್ತ ಹಾಕಿ ಮನಿಗೆ ಬರೂದು. ಮೈ ನಡಗಿದ್ರ ಗೋಡಿ ಹಿಡಕೊಂಡು ಕೂಡ್ರೂದು. ಮಗಳ ಪುಸ್ತಕ ತಗದು ನೋಡೂದು, ಓದಾಕ ಬರೂದಿಲ್ಲ, ಸುಮ್ನ ಹಾಳಿ ತಿರುವೂದು."

"ಮುಂಜಾನೆ ಮಜ್ಜಿಗಿಗಿ ಲಿಂಬಿಹಣ್ಣ ಹಿಂಡಿ ಕುಡದ್ರ ಆಸಿ ಬರಂಗಿಲ್ಲಂತ ನೋಡು. ನಮ್ಮ ಮೈದುನಗ ಕೊಟ್ಟಿದ್ವಿ."

"ಬಿಟ್ಟನೇನು?"

"ಇಲ್ಲ. ಆದ್ರ ಪಿತ್ತ ಕಡಿಮಿ ಆತು."

ಪರದೆ ಸರಿಯಿತು. ಅಪ್ಪ ಹೊರಗೆ ಬಂದ. ಎಷ್ಟು ಹೊತ್ತಿನಿಂದ ಎಚ್ಚರವಾಗಿದ್ದನೋ. ತನ್ನ ಬಾಳಿನ ಅತಿ ಕೆಟ್ಟ ದಿನಗಳನ್ನು ಹೆಂಡತಿ ತನ್ನವೆಂದು ಹೇಳಿಕೊಳ್ಳುವುದನ್ನು ಮಲಗಿದಲ್ಲಿಂದಲೇ ಕೇಳಿದ್ದ.

"ತಂಗಿ, ಆ ಚಟ ನಂದು," ಅಂದ. "ಆಕಿದಲ್ಲ. ಆಕಿ ಒಂದ ಹನಿ ಮುಟ್ಟಿದಾಕಿ ಅಲ್ಲ."

ಆ ಹೆಣ್ಣುಮಗಳು ಬಸಿಯಲ್ಲಿದ್ದ ಚಹಾವನ್ನು ಮತ್ತೆ ಕಪ್ಪಿಗೆ ಸುರಿದಳು. "ಅಯ್ಯ, ಮಾಮಾರ..." ಎಂದಳು.

ಸಿಟ್ಟಿಗೆದ್ದವಳು ಅವ್ವ. "ನಿಮ್ಮನ್ನ ಯಾರ ಕೇಳಿದ್ರು? ಮಕ್ಕೊಂಡಾವರು ಮಕ್ಕೊಂಡಿರಬೇಕಿಲ್ಲೋ?"

"ನಿದ್ದಿ ಹೆಂಗ ಬರಬೇಕು," ಅಂದ ಅಪ್ಪ. ಅಂಗಿ ಹಾಕಿಕೊಂಡು, ಚಪ್ಪಲಿ ಮೆಟ್ಟಿ, ಹಿರಿಯರ ಮನೆಯ ಕಡೆ ಹೊರಟ. ನಾನು ಜೊತೆಗೆ ಹೋದೆ. ಅವರು ಆಗಷ್ಟೇ ಆಫೀಸಿನಿಂದ ಬಂದಿದ್ದರು. ಅಪ್ಪ ಒಳಗೆ ಹೋಗಲಿಲ್ಲ. ಬಾಗಿಲಲ್ಲೇ ನಿಂತು, ಸಾವರ್ಡೆಯಿಂದ ಹಿಡಿದು ಎಲ್ಲವನ್ನೂ ಹೇಳಿದ. ಕಟ್ಟಿಟ್ಟ ಮಾತಲ್ಲ, ತಡವರಿಸಿ ತಡವರಿಸಿ.

ಹಿರಿಯರು ಕೈಯಲ್ಲಿದ್ದ ಚೀಲ ಕೆಳಗಿಟ್ಟರು. "ನಾ ಮನಿಗೆ ಬಂದಾಗ ಹೇಳಬೇಕಿಲ್ಲೇನ್ರಿ?"

"ನೀವು ಮೊದಲ ಜಗಳ ಐತೇನು ಅಂತ ಕೇಳಿದ್ರಿ. ಇಲ್ಲ ಅಂದೆ. ಮತ್ತ ಯಾಕ ಅಂದಾಗ ನಾಚಿಕಿ ಆತ್ರಿ."

"ಹೌದ್ರಿ," ಅಂದರು ಅವರು. "ನಾ ಮೊದಲ ಜಗಳಾನ ಕೇಳಿದ್ದು." ಒಳಗಿನಿಂದ ತಾವೇ ಕುರ್ಚಿ ತಂದು ಹಾಕಿದರು.

ಮುಂದಿನ ಭೋಜನಕ್ಕೆ ಅವ್ವನೇ ಒಣದ್ರಾಕ್ಷಿ ಕುದಿಸಿದಳು. ಅಪ್ಪ ಪಾತ್ರೆ ತೆಗೆದುಕೊಂಡ, ಕುಡಿದ, ಕಣ್ಣು ಮುಚ್ಚಿಕೊಂಡ. ಮನೆಗೆ ಬರುವಾಗ, "ಸಿಹಿ ಭಾಳಾತು," ಅಂದ. "ಮುಂದಿನ ತಿಂಗಳ ನೀವ ಕುದಸ್ರಿ," ಅಂದಳು ಅವ್ವ.

ಎಲ್ಲರೂ ಸಂತೋಷದಿಂದ ಒಪ್ಪಿದರು ಎಂದು ಬರೆದರೆ ಸುಳ್ಳಾಗುತ್ತದೆ. ಇದು ಷರಬತ್ತು ಎಂದು ಗೊಣಗಿದವರಿದ್ದರು. ಕ್ರಿಸ್ಮಸ್ಸಿಗಾದರೂ ವೈನ್ ಇಡೋಣ ಎಂಬ ಮಾತು ಆಗಾಗ ಏಳುತ್ತಿತ್ತು. ಆಗೆಲ್ಲ ಬೇಡವೆಂದವರು ಆ ಹಿರಿಯರೇ. ತಮ್ಮ ವಾದ ತಪ್ಪೆಂದು ಅವರು ಯಾವತ್ತೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ವಾದ ಸರಿಯೇ ಇತ್ತು.

ತೊಂಬತ್ತರ ಮೊದಲ ವರ್ಷಗಳು. ಒಂದು ಭಾನುವಾರ ಅಪ್ಪ ಮತ್ತೆ ಪಾತ್ರೆ ದಾಟಿಸಿದ. ಅದರಲ್ಲಿದ್ದದ್ದು ಅವ್ವ ಕುದಿಸಿದ ರಸವೇ. ಅವನೊಳಗೆ ಆ ವಾರ ಏನು ನಡೆದಿತ್ತೋ ನನಗೆ ಗೊತ್ತಿಲ್ಲ, ಅವ್ವನಿಗೂ ಅವನು ಹೇಳಲಿಲ್ಲ. ಅವನ ಪಕ್ಕದಲ್ಲಿ ಕೂತಿದ್ದವರು ಧಾರವಾಡದ ಹಿರಿಯರು. ಅವರು ಎರಡೂ ಕೈ ಚಾಚಿ ಪಾತ್ರೆ ತೆಗೆದುಕೊಂಡರು, ಕುಡಿದರು, ಮುಂದಕ್ಕೆ ಕೊಟ್ಟರು. ಅಪ್ಪನ ಮುಖವನ್ನು ನೋಡಲಿಲ್ಲ, ಯಾಕೆಂದು ಕೇಳಲಿಲ್ಲ. ಆರಾಧನೆ ಮುಗಿದ ಮೇಲೆ, "ಇವತ್ತ ಡ್ಯೂಟಿ ಎಷ್ಟಕ್ಕರಿ? ಗೇಟಿನ ತನಕಾ ಜೋಡಿ ಬರ್ತೀನಿ ತಡೀರಿ," ಎಂದು ಚಪ್ಪಲಿ ಹುಡುಕತೊಡಗಿದರು.